ತೊಳೆದಿಟ್ಟ ಸೀಸೆಗಳು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನೀಲಗಿರಿಯ ನಂಜನಾಡಿನ ಕಂಬಳಿ ವ್ಯಾಪಾರಿ ಚೆನ್ನಯ್ಯನವರು. ೧೯೩೪ನೆಯ ಇಸವಿಯ ಜನವರಿ ತಿಂಗಳಲ್ಲಿ, ಒಂದು ಮಧ್ಯಾಹ್ನ, ತಮ್ಮ ಅಂಗಡಿಯ ಜಗಲಿಯ ಮೇಲೆ ಕುಳಿತು. ಆ ವರ್ಷ ಮಂಜು ಬಹಳ ಗಟ್ಟಿಯಾಗಿ ಬಿದ್ದು ಆಲೂಗಡ್ಡೆಯ ಸೊಪ್ಪೆಲ್ಲ ಕರಕಾಗಿತ್ತು. ಹೊಲದಲ್ಲಿ ಕೆಲಸವಿಲ್ಲದ ನಾಲ್ಕಾರು ಮಂದಿ ಬಿಸಿಲಿಗೆ ಮೈ ಕಾಯಿಸುತ್ತ ಕುಳಿತಿದ್ದರು. ಚೆನ್ನಯ್ಯನವರದು ಗುಂಡ್ಲುಪೇಟೆಯ ಕಡೆಯ ಮನೆತನ. ಆ ಬೆಟ್ಟದ ಒಕ್ಕಲು ಬಡಗರು ಆಡಿದ ಮಾತನ್ನು ತಮ್ಮ ಸೀಮೆಯ ಕನ್ನಡಕ್ಕೆ ಇಳಿಸಿ ಹೇಳುವುದು ಅವರ ರೂಢಿ. ನಾನೂ ಹಾಗೆಯೇ ಬರೆದುಕೊಂಡಿದ್ದೇನೆ. ಕಥೆ ನಡೆದ ಹಟ್ಟಿಯ ಹೆಸರನ್ನು ಅವರು ಹೇಳಲಿಲ್ಲ. ಗುಡ್ಡದ ಆಚೆ, ಎಂದು ಕೈ ತೋರಿಸಿದರು, ಅಷ್ಟೆ.

ಆ ಹಟ್ಟಿಯ ಮೇಲಿನ ದಿಣ್ಣೆಯಲ್ಲಿ ಒಂದು ಹೈಸ್ಕೂಲು. ಸುತ್ತಲ ಹಟ್ಟಿಗಳ ಬಡಗರು ಸೇರಿ ಕಟ್ಟಿಸಿದ್ದು. ಹತ್ತು ಹನ್ನೆರಡು ವರ್ಷಗಳ ಹಿಂದೆ ಅಲ್ಲಿಗೆ ಮೈಸೂರು ಸೀಮೆಯಿಂದ ಗುರುಸ್ವಾಮಿ ಎಂಬ ಮೇಷ್ಟ್ರು ಬಂದರು. ಮೇಲಿನ ತರಗತಿಗಳಿಗೆ ರಸಾಯನಶಾಸ್ತ್ರ ಕಲಿಸಬೇಕೆಂಬುದು ಅವರ ಆಸೆ. ಅದಕ್ಕೆ ಸರ್ಕಾರದ ಒಪ್ಪಿಗೆ ಬೇಕು; ಒಪ್ಪಿಗೆಗೆ ಸರಿಯಾದ ಪ್ರಯೋಗದ ಕೋಣೆ ಬೇಕು. ಇಲ್ಲವಾದರೆ ಹುಡುಗರು ಕೊಯಮತ್ತೂರಿಗೆ ಇಳಿಯಬೇಕು. ಕೆಳನಾಡಿನ ಜ್ವರಕ್ಕೆ ಹೆದರಿ ಯಾವ ತಾಯಿಯೂ ಮಗನನ್ನು ಇಳಿಸುತ್ತಿರಲಿಲ್ಲ. ಓದು ಅಲ್ಲಿಗೇ ನಿಲ್ಲುತ್ತಿತ್ತು.

ಹಟ್ಟಿಯ ಗೌಡ ಹಾಲಗೌಡರು. ಮೇಷ್ಟ್ರ ಮಾತು ಕೇಳಿ ಅವರು ಹಟ್ಟಿ ಹಟ್ಟಿ ತಿರುಗಿದರು. ಪ್ರತಿ ಮನೆಯವರೂ ಹೊಲದಲ್ಲಿ ಗಡ್ಡೆಯ ಒಂದು ಸಾಲನ್ನು ಶಾಲೆಗೆಂದು ಬಿಡಬೇಕು, ಆ ಸಾಲಿನ ಗಡ್ಡೆಯನ್ನು ಮನೆಯ ಒಲೆಗೆ ಏರಿಸಬಾರದು ಎಂದು ಗೊತ್ತುಮಾಡಿದರು. ಜನ ಬಿಟ್ಟರು. ಆ ವರ್ಷ ಮಕ್ಕಳು ಕೂಡ ಆ ಸಾಲನ್ನು ತುಳಿಯದೆ ಸುತ್ತಿ ಹೋಗುತ್ತಿದ್ದರಂತೆ.

ಆ ಗಡ್ಡೆ ಮಾರಿದ ಹಣದಲ್ಲಿ ತರಿಸಲು ಹೇಳಿದ ಸಾಮಾನು ಬರುವ ಮೊದಲೇ ಕೋಣೆ ಸಿದ್ಧವಾಯಿತು. ವಿಷದ ಹೊಗೆ ಹೊರಗೆ ಹೋಗಲು ಗೋಡೆಯೊಳಗೆ ಒಂದು ಹೊಗೆಗೂಡು; ಬಾಗಿಲ ಪಕ್ಕ ಕಲ್ಲಿನ ನೀರುತೊಟ್ಟಿ; ಬೆಂಕಿಯ ಮೇಲೆ ಸುರಿಯಲು ಜರಡಿ ಹಿಡಿದ ಮರಳು ತುಂಬಿದ ಬಕೆಟುಗಳು; ಮೈಮೇಲೆ ಆಸಿಡ್ಡು ಬಿದ್ದರೆ ನೀರಿನಿಂದ ತೊಳೆದ ಮೇಲೆ ಹಚ್ಚಲು ಸೋಡಾ ಕಲಸಿಟ್ಟ ಜಾಡಿ. ಊಟಿಯ ಚಕ್ಕಳದ ಕೆಲಸದವನು ಎದೆ ಹೊಟ್ಟೆ ಮುಚ್ಚುವ ಮುಂಗಟ್ಟುಗಳನ್ನು ಹೊಲಿದು ಕೊಟ್ಟ. ಕಲ್ಲು ಒಡೆಯುವವರು ಹಾಕಿಕೊಳ್ಳುವಂಥ ದಪ್ಪ ಕನ್ನಡಕಗಳು ಬಂದವು. ಯಾರ ಬಟ್ಟೆಗಾದರೂ ಬೆಂಕಿ ತಗುಲಿದರೆ ಸುತ್ತಿ ಆರಿಸಲು ಗೋಡೆಗೆ ಒಂದು ಕಂಬಳಿ ತೂಗುಹಾಕಿದರು. ಕಥೆ ಇಲ್ಲಿಗೆ ಬಂದಾಗ ಚೆನ್ನಯ್ಯನವರು ಸ್ವಲ್ಪ ತಡೆದು, "ಕಂಬಳಿ ನಮ್ದೇ. ಬಣ್ಣ ಹಾಕ್ದೆ ಇದ್ದ ಕುರಿ ತುಪ್ಪಟದ್ದು. ಆರಿಸಿ ಕೊಟ್ಟೆ," ಎಂದರು.

"ಬೆಂಕಿ ಮ್ಯಾಕೆ ಹಾಕಕ್ಕೆ ಆರಿಸಿದ್ದು ಯಾಕೆ, ತೂತಿದ್ದದ್ದೇ ಕೊಡ್ಬೋದಿತ್ತಲ್ಲ," ಎಂದ ಕೇಳುತ್ತಿದ್ದವರಲ್ಲೊಬ್ಬ.

"ತೂತಿದ್ದದ್ದನ್ನ ನಿನಗೆ ಮಾರಿದ್ನಲ್ಲ, ಆ ವರ್ಷಾನೇ," ಎಂದು ಚೆನ್ನಯ್ಯನವರು ಕಥೆಗೆ ಮರಳಿದರು.

ಗುರುಸ್ವಾಮಿ ಮೇಷ್ಟ್ರು ಹುಡುಗರನ್ನು ಮಾತ್ರವಲ್ಲ, ಊರಿನ ಹಿರಿಯರನ್ನೂ ಕೂಡಿಸಿ ಆ ಕೋಣೆಯ ಕಟ್ಟಳೆಗಳನ್ನು ಹೇಳಿದ್ದರು. ಒಳಗೆ ಏನನ್ನೂ ತಿನ್ನಬಾರದು. ಯಾವುದನ್ನೂ ನಾಲಿಗೆಗೆ ಮುಟ್ಟಿಸಬಾರದು. ನೀರಿಗೆ ಆಸಿಡ್ಡು ಹಾಕಬೇಕೇ ಹೊರತು ಆಸಿಡ್ಡಿಗೆ ನೀರು ಹಾಕಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಹೆಸರಿಲ್ಲದ ಸೀಸೆ ಆ ಕೋಣೆಯಲ್ಲಿ ಇರಕೂಡದು. ಇದ್ದರೆ ಅದನ್ನು ವಿಷವೆಂದೇ ತಿಳಿದು ಗುಂಡಿಗೆ ಹಾಕಬೇಕು. ಬಡಗರಿಗೆ ಇಂಥ ಕಟ್ಟಳೆ ಹೊಸದಲ್ಲ. ಅವರ ಮನೆಗಳಲ್ಲಿ ಹಾಲು ಮಜ್ಜಿಗೆ ಇಡುವ ಒಳಕೋಣೆಗೆ ಕಂಡವರೆಲ್ಲ ಹೋಗುವ ಹಾಗಿಲ್ಲ, ಮೈಲಿಗೆಯ ಕೈ ಮುಟ್ಟುವ ಹಾಗಿಲ್ಲ. ಮೇಷ್ಟ್ರ ಕೋಣೆಯನ್ನೂ ಅವರು ಅದೇ ಸಾಲಿಗೆ ಸೇರಿಸಿಕೊಂಡರು. ಮುಂದಿನ ಅನಾಹುತಕ್ಕೆ ಕಾರಣವಾದದ್ದೂ ಆ ಗೌರವವೇ.

ಮದರಾಸಿನಿಂದ ಪೆಟ್ಟಿಗೆಗಳು ರೈಲಿನಲ್ಲಿ ಊಟಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಶಾಲೆಗೆ ಏರಿದವು. ತೂಕದ ತಕ್ಕಡಿಯ ಪೆಟ್ಟಿಗೆಯೊಂದು ಸ್ಟೇಷನ್ನಿನಲ್ಲೇ ಉಳಿದಿತ್ತು. ಅದನ್ನು ಬಿಡಿಸಿಕೊಳ್ಳಲು ಮೇಷ್ಟ್ರು ಹೋದರು. ಇನ್‌ಸ್ಪೆಕ್ಟರು ಸರ್ಕಾರದ ಪರವಾಗಿ ಕೋಣೆ ನೋಡಿ ಒಪ್ಪಿಗೆ ಕೊಡಲು ಆ ವಾರದಲ್ಲೇ ಬರುವುದಿತ್ತು.

ಆ ಹಟ್ಟಿಯಲ್ಲಿ ಹೊಸ ಪಾತ್ರೆಯನ್ನು ಹಾಗೆಯೇ ಒಳಗೆ ತರುವುದಿಲ್ಲ. ಹೆಂಗಸರು ಹಳ್ಳಕ್ಕೆ ಒಯ್ದು, ಬೂದಿ ಹಾಕಿ ತಿಕ್ಕಿ, ಹರಿಯುವ ನೀರಿನಲ್ಲಿ ಮುಳುಗಿಸಿ ತೆಗೆದ ಮೇಲೆಯೇ ಅದಕ್ಕೆ ಹೊಸಿಲು ದಾಟುವ ಯೋಗ್ಯತೆ. ಹಾಲಗೌಡರ ತಾಯಿ ಚಿನ್ನಿ. ಊರೆಲ್ಲ ಅವರನ್ನು ಹೆತ್ತೆ, ಅಂದರೆ ಅಜ್ಜಿ, ಎಂದು ಕರೆಯುತ್ತಿತ್ತು. ತೆರೆದ ಪೆಟ್ಟಿಗೆಯ ಹುಲ್ಲಿನ ನಡುವೆ ಇದ್ದ ಸೀಸೆಗಳನ್ನು ಕಂಡು ಹೆತ್ತೆ ಹೆಂಗಸರನ್ನೆಲ್ಲ ಕೂಗಿದರು. ಬಿರಡೆಗಳನ್ನು ಯಾರೂ ಮುಟ್ಟಲಿಲ್ಲ. ಅವು ಮೇಣದಲ್ಲಿ ಭದ್ರವಾಗಿದ್ದವು. ಹೊರಮೈಯನ್ನು ಮಾತ್ರ ತಿಕ್ಕಿದರು. ತಿಕ್ಕಿ, ಒರೆಸಿ, ದೊಡ್ಡದು ಹಿಂದೆ ಚಿಕ್ಕದು ಮುಂದೆ ಎಂದು ಕಪಾಟಿನಲ್ಲಿ ಜೋಡಿಸಿದರು.

ಮೇಷ್ಟ್ರು ತಕ್ಕಡಿ ಹೊತ್ತು ಬಂದು ಬಾಗಿಲಲ್ಲಿ ನಿಂತರು. ಕಿಟಕಿಯ ಬಿಸಿಲಿಗೆ ಸೀಸೆಗಳೆಲ್ಲ ಥಳಥಳಿಸುತ್ತಿದ್ದವು. ಒಂದರ ಮೇಲೂ ಒಂದು ಚೂರು ಕಾಗದವಿರಲಿಲ್ಲ.

"ಯಾರು ತೊಳೆದದ್ದು?" ಎಂದರು.

"ನಾವೇ ಮೇಷ್ಟ್ರೆ," ಎಂದರು ಚಿನ್ನಿ ಹೆತ್ತೆ. "ಪ್ಯಾಟೆ ಕಾಗದ ಅಂಟ್ಕೊಂಡು ಬಂದಿತ್ತು, ಬಿಡ್ತಾನೇ ಇರ್ಲಿಲ್ಲ. ತಿಕ್ಕಿ ತಿಕ್ಕಿ ಬೆರಳು ಸವೆದೋದ್ವು. ಈಗ ನೋಡಿ, ಮೊಕ ಕಾಣ್ತದೆ."

ಮೇಷ್ಟ್ರು ತಕ್ಕಡಿಯನ್ನು ಕೆಳಗಿಟ್ಟು ಅದರ ಪೆಟ್ಟಿಗೆಯ ಮೇಲೇ ಕುಳಿತುಬಿಟ್ಟರು.

"ಯಾವ್ದಾರ ಒಡೆದೋಯ್ತಾ?" ಎಂದರು ಹಾಲಗೌಡರು.

"ಒಡೆದಿದ್ರೆ ಒಂದು ಹೋಗ್ತಿತ್ತು ಗೌಡ್ರೆ. ಈಗ ಎಲ್ಲಾ ಹೋಯ್ತು. ಆ ಕಾಗದದ ಮೇಲೇ ಅವುಗಳ ಹೆಸರಿತ್ತು."

ಹೆತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊರಗೆ ಹೋಗದೆ ಅಲ್ಲೇ ನಿಂತರು.

ಹಾಲಗೌಡರು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು. "ಏನೋ ಒಂದು ಹೆಸ್ರು ಬರ್ದು ಅಂಟ್ಸಿ ಮೇಷ್ಟ್ರೆ. ಇನ್‌ಸ್ಪೆಟ್ರು ಏನು ಕುಡ್ದು ನೋಡ್ತಾರಾ? ಅವ್ರು ಬೆಟ್ಟ ಇಳಿದ ಮ್ಯಾಕೆ ನಿಧಾನವಾಗಿ ಸರಿ ಮಾಡ್ಕೊಳ್ಳಿ. ಊರೂರಿನ ಮಂದಿ ಮುಂದೆ ನಾ ಮಾತು ಕೊಟ್ಟಿದೀನಿ."

"ಆ ಸುಳ್ಳು ಹೆಸರು ನಂಬಿ ನಾಳೆ ನಿಮ್ಮ ಮನೆ ಹುಡುಗನೇ ಕೈ ಹಾಕ್ತಾನೆ."

"ಹಂಗಾದ್ರೆ ನೀವು ಹೇಳಿದ ಕಟ್ಟಳೇನೇ ಆಗ್ಲಿ. ಗುಂಡಿ ತೋಡಿಸ್ಲಾ?"

ಮೇಷ್ಟ್ರು ಎದ್ದು ಒಂದು ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ, "ಗುಂಡಿ ತೋಡ್ಸಿ. ಹೆಸರು ಸಿಕ್ಕದೆ ಉಳಿದದ್ದು ಅದಕ್ಕೇ ಹೋಗ್ಲಿ. ಆದ್ರೆ ಮೊದ್ಲು ಒಂದೊಂದನ್ನೂ ಕೇಳೋಣ, ನೀನು ಯಾರು ಅಂತ," ಎಂದರು.

ಮರುದಿನ ಬೆಳಿಗ್ಗೆ ಮೇಲಿನ ತರಗತಿಯಾದ ಐದನೇ ಫಾರಮ್ಮಿನ ಹುಡುಗರೆಲ್ಲ ಚಕ್ಕಳದ ಮುಂಗಟ್ಟು ಕಟ್ಟಿ, ಕನ್ನಡಕ ಏರಿಸಿ ನಿಂತರು. ಕಿಟಕಿಗಳನ್ನೆಲ್ಲ ತೆರೆದಿಟ್ಟರು. ಆ ದಿನ ಅವರ ಕೈಯಲ್ಲಿ ನಿಶ್ಚಯವಾಗಿ ಗೊತ್ತಿದ್ದ ವಸ್ತುಗಳೆಂದರೆ ಅಡುಗೆಮನೆಯ ಉಪ್ಪು, ಸಕ್ಕರೆ, ಗೋಡೆಗೆ ಬಳಿಯುವ ಸುಣ್ಣ, ಒಂದು ತುಂಡು ತಾಮ್ರದ ತಂತಿ. ಆಸಿಡ್ಡಿಗೆ ಕೆಂಪಾಗಿ, ಸುಣ್ಣದ ನೀರಿನಂಥದಕ್ಕೆ ನೀಲಿಯಾಗುವ ಲಿಟ್ಮಸ್ ಕಾಗದ ತಗಡಿನ ಡಬ್ಬಿಯಲ್ಲಿದ್ದುದರಿಂದ ಹೆಂಗಸರ ಕೈಗೆ ಸಿಕ್ಕಿರಲಿಲ್ಲ. ಈ ಐದರಿಂದ ಉಳಿದೆಲ್ಲವನ್ನೂ ಗುರುತಿಸಬೇಕಾಗಿತ್ತು.

ಚಿನ್ನಿ ಹೆತ್ತೆ ಬಾಗಿಲ ಬಳಿ ಮಣೆ ಹಾಕಿಕೊಂಡು ಕುಳಿತರು. ಹೋಗಿ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಮೇಷ್ಟ್ರು ಅವರಿಗೂ ಒಂದು ಕನ್ನಡಕ ಕೊಟ್ಟರು.

ಬಣ್ಣವಿಲ್ಲದ ದ್ರವಗಳಲ್ಲಿ ಮೂರು ಲಿಟ್ಮಸ್ಸನ್ನು ಕೆಂಪು ಮಾಡಿದವು. ಅವುಗಳಲ್ಲಿ ಒಂದರ ಹನಿಗಳನ್ನು ಸಕ್ಕರೆಯ ಮೇಲೆ ಬಿಟ್ಟಾಗ ಸಕ್ಕರೆ ಹಳದಿಯಾಗಿ, ಕಂದಾಗಿ, ಕಪ್ಪಗೆ ಉಬ್ಬಿ ಮೇಲೆದ್ದಿತು. ಅದು ಗಂಧಕಾಮ್ಲ. "ಒಲೆ ಇಲ್ದೆ ಸೀದೋಯ್ತಲ್ಲ," ಎಂದರು ಹೆತ್ತೆ, "ನಮ್ಮ ಸೊಸೆ ಒಲೆ ಮ್ಯಾಲಿಟ್ಟು ಮಾಡೋದನ್ನ ಇದು ಬರೀ ಕೈಲಿ ಮಾಡ್ತದೆ." ಇನ್ನೊಂದಕ್ಕೆ ಹೊಗೆಗೂಡಿನಲ್ಲಿ ತಾಮ್ರದ ತಂತಿ ಇಳಿಸಿದರು. ಕೆಂಚು ಬಣ್ಣದ ಹೊಗೆ ಎದ್ದು ಗೂಡಿನಲ್ಲೇ ಮೇಲೆ ಹೋಯಿತು. ಅದು ನೈಟ್ರಿಕ್ ಆಸಿಡ್ಡು. ಕಪ್ಪು ಗಾಜಿನ ಚಿಕ್ಕ ಸೀಸೆಯೊಳಗಿನದನ್ನು ಉಪ್ಪುನೀರಿಗೆ ಬಿಟ್ಟಾಗ ಬೆಳ್ಳಗೆ ಒಡೆದ ಹಾಲಿನಂತೆ ಗರಣೆ ಕಟ್ಟಿತು. ಅದು ಬೆಳ್ಳಿಯ ನೀರು, ಅಂದರೆ ಸಿಲ್ವರ್ ನೈಟ್ರೇಟು. ಮೂರನೆಯ ಆಸಿಡ್ಡಿನ ಒಂದೆರಡು ಹನಿಯನ್ನು ನೀರಿಗೆ ಹಾಕಿ, ಅದಕ್ಕೆ ಬೆಳ್ಳಿಯ ನೀರು ಬಿಟ್ಟು, ಅದೇ ಗರಣೆಯಿಂದ ಅದು ಉಪ್ಪಿನ ಆಸಿಡ್ಡೆಂದು ತಿಳಿದರು. ಒಂದೊಂದು ಹೆಸರು ಸಿಕ್ಕಿದ ಹಾಗೂ ಆ ಹೆಸರೇ ಮುಂದಿನ ಸೀಸೆಗೆ ದೀಪವಾಯಿತು. ಹುಡುಗರು ಚೀಟಿ ಬರೆದು ಅಂಟಿಸಿ, ಮೇಲೆ ಮೇಣ ಬಳಿದರು.

ನಡುವೆ ಒಬ್ಬನ ಕೈ ತಗುಲಿ ಸ್ಪಿರಿಟ್ ದೀಪ ಮಗುಚಿ ಮೇಜಿನ ಮೇಲೆ ಬೆಂಕಿ ಹರಿಯಿತು. ಯಾರೂ ಕೂಗಲಿಲ್ಲ. ಹತ್ತಿರವಿದ್ದವನು ಮರಳು ಸುರಿದ, ಬೆಂಕಿ ಆರಿತು. "ಕಂಬಳಿಗೆ ಕೆಲ್ಸಾನೇ ಬರ್ಲಿಲ್ಲ," ಎಂದು ಚೆನ್ನಯ್ಯನವರು ಇಲ್ಲಿ ತುಸು ಬೇಸರದಿಂದಲೇ ಹೇಳಿದರು.

ಇನ್‌ಸ್ಪೆಕ್ಟರು ಬಂದದ್ದು ಕೆಲಸ ಇನ್ನೂ ಮುಗಿಯದಿದ್ದಾಗ. ನಂಜನಾಡಿನ ಕೆಲವರು ಅವರು ದೊರೆ ಜಾತಿಯ ಬಿಳಿಯರೆನ್ನುತ್ತಾರೆ. ಚೆನ್ನಯ್ಯನವರು ಹೇಳುವಂತೆ ತಂಜಾವೂರಿನ ಕಡೆಯವರು, ಚಳಿಗೆ ತಲೆಗೆಲ್ಲ ಮಫ್ಲರು ಸುತ್ತಿಕೊಂಡಿದ್ದರು. ಎರಡನೆಯದೇ ನನಗೆ ಸರಿಯೆಂದು ತೋರುತ್ತದೆ. ಅವರ ಮಾತುಕತೆಯೆಲ್ಲ ತಮಿಳಿನಲ್ಲಿ ನಡೆಯಿತೆಂಬುದರಲ್ಲಿ ಎರಡು ಪಾಠಗಳಿಗೂ ಒಮ್ಮತವಿದೆ.

ಅವರು ಕೋಣೆಯನ್ನೆಲ್ಲ ಸುತ್ತಿ ನೋಡಿ ಕಪಾಟಿನ ಮುಂದೆ ನಿಂತರು. ಅರ್ಧ ಸೀಸೆಗಳಿಗೆ ಹೆಸರಿತ್ತು, ಅರ್ಧಕ್ಕೆ ಇರಲಿಲ್ಲ.

"ಇದೇನು?" ಎಂದರು.

ಗುರುಸ್ವಾಮಿ ಮೇಷ್ಟ್ರು ನಡೆದದ್ದನ್ನು ಮುಚ್ಚಿಡದೆ ಹೇಳಿದರು. ಹಾಲಗೌಡರು ನೆಲ ನೋಡಿದರು. ಇನ್‌ಸ್ಪೆಕ್ಟರು ಹೆಸರಿಲ್ಲದ ಒಂದು ಸೀಸೆ ತೆಗೆದು, ಎದುರಿಗಿದ್ದ ಮಾದ ಎಂಬ ಹುಡುಗನಿಗೆ ತೋರಿಸಿದರು. ಒಳಗೆ ಬಿಳಿಯ ಪುಡಿ.

"ಇದು ಯಾವುದಪ್ಪ?"

"ಗೊತ್ತಿಲ್ಲ ಸಾರ್."

"ಉಪ್ಪಿನ ಹಾಗೆ ಕಾಣಿಸುವುದಿಲ್ಲವೆ?"

"ಕಾಣಿಸ್ತದೆ ಸಾರ್. ಇನ್ನೂ ಕೇಳಿಲ್ಲ."

"ಹಾಗಾದರೆ ಕೇಳು."

ಮಾದ ಚಿಟಿಕೆ ಪುಡಿಯನ್ನು ನೀರಿನಲ್ಲಿ ಕರಗಿಸಿ ಬೆಳ್ಳಿಯ ನೀರು ಬಿಟ್ಟ. ಬೆಳ್ಳಗೆ ಗರಣೆ ಕಟ್ಟಿತು. ಇನ್‌ಸ್ಪೆಕ್ಟರು ನಕ್ಕು, "ಉಪ್ಪೇ ಆಯಿತಲ್ಲ. ಚೀಟಿ ಬರಿ," ಎಂದರು. ಹಾಲಗೌಡರ ಮುಖ ಅರಳಿತು. ಒಪ್ಪಿಗೆ ಬಾಗಿಲಿಗೆ ಬಂದಂತಾಗಿತ್ತು. ಹುಡುಗ ಹೂಂ ಅಂದರೆ ಸಾಕು.

ಮಾದ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು.

"ಬರೆಯೋ ಹಾಗಿಲ್ಲ ಸಾರ್," ಎಂದ ಮಾದ. "ಉಪ್ಪಾದ್ರೂ ಹಿಂಗೇ ಒಡೀತದೆ, ನವಸಾಗರ ಆದ್ರೂ ಹಿಂಗೇ ಒಡೀತದೆ."

ಗೌಡರು ಕಣ್ಣು ಮುಚ್ಚಿಕೊಂಡರು. ಮಾದ ಅದೇ ಪುಡಿಗೆ ಸುಣ್ಣ ಬೆರೆಸಿ, ಗಾಜಿನ ನಳಿಕೆಯಲ್ಲಿ ಹಾಕಿ, ಬಾಯನ್ನು ಯಾರ ಕಡೆಗೂ ತಿರುಗಿಸದೆ ದೀಪದ ಮೇಲೆ ಹಿಡಿದ. ಕೆಂಪು ಲಿಟ್ಮಸ್ಸನ್ನು ಒದ್ದೆಮಾಡಿ ನಳಿಕೆಯ ಬಾಯ ಹತ್ತಿರ ತಂದ. ಕಾಗದ ನೀಲಿಯಾಯಿತು. ಮೂಗಿಗೆ ಚುರುಕ್ಕೆನ್ನುವ ವಾಸನೆ ಬಾಗಿಲವರೆಗೂ ಬಂತು.

"ಕಲಾಯಿ ಮಾಡೋನು ಬಂದ ಹಂಗದೆ," ಎಂದು ಚಿನ್ನಿ ಹೆತ್ತೆ ಕನ್ನಡಕದೊಳಗಿಂದ ಕಣ್ಣೊರೆಸಲು ಹೋಗಿ ಗಾಜನ್ನು ಒರೆಸಿದರು.

"ನವಸಾಗರ ಸಾರ್," ಎಂದ ಮಾದ.

ಇನ್‌ಸ್ಪೆಕ್ಟರು ಮಫ್ಲರನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. "ಬೇಕಾದಷ್ಟು ಪ್ರಯೋಗದ ಕೋಣೆಗಳನ್ನು ನೋಡಿದ್ದೇನೆ," ಎಂದರು. "ಚೀಟಿಗಳೆಲ್ಲ ಅಂದವಾಗಿರುತ್ತವೆ. ಸೀಸೆಯ ಮೇಲಿನ ಧೂಳು ಮಾತ್ರ ಕದಲಿರುವುದಿಲ್ಲ. ತರಗತಿ ನಡೆಸಿ ಮೇಷ್ಟ್ರೆ. ನನ್ನ ಒಪ್ಪಿಗೆ ಇದೆ." ಹೊರಡುವಾಗ, ಉಳಿದ ಸೀಸೆಗಳ ಪರೀಕ್ಷೆಯನ್ನೂ ನೋಡಿಯೇ ಹೋಗುತ್ತೇನೆಂದು ಮತ್ತೆ ಒಳಕ್ಕೆ ಬಂದು ಕುಳಿತರು. ಸಂಜೆಯ ಹೊತ್ತಿಗೆ ಎಲ್ಲ ಸೀಸೆಗಳಿಗೂ ಹೆಸರು ಸಿಕ್ಕಿತು. ಹಿತ್ತಿಲಲ್ಲಿ ತೋಡಿದ ಗುಂಡಿ ಖಾಲಿಯೇ ಉಳಿಯಿತು.

ಇನ್‌ಸ್ಪೆಕ್ಟರ ಗಾಡಿ ಇಳಿದ ಮೇಲೆ ಹೆತ್ತೆ ಮಣೆಯಿಂದ ಎದ್ದು ಮೇಷ್ಟ್ರ ಮುಂದೆ ನಿಂತರು.

"ನಮ್ಮ ಕೈ ಕೆಲ್ಸದಿಂದ ನಿಮ್ಮ ಮಾನ ಹೋಗ್ತಿತ್ತು ಮೇಷ್ಟ್ರೆ."

"ಇಲ್ಲ ತಾಯಿ. ನಾನು ವರ್ಷವೆಲ್ಲ ಪಾಠ ಹೇಳಿದ್ರೂ ಈ ಹುಡುಗರು ಇಷ್ಟು ಕಲೀತಿರ್ಲಿಲ್ಲ," ಎಂದು ಗುರುಸ್ವಾಮಿ ಮೇಷ್ಟ್ರು ಬಡಗರ ಪದ್ಧತಿಯಂತೆ ಅವರ ಮುಂದೆ ತಲೆ ಬಾಗಿಸಿದರು. ಹೆತ್ತೆ ಬಲಗೈಯನ್ನು ಅವರ ತಲೆಯ ಮೇಲಿಟ್ಟು ಹರಸಿದರು: ಬಾಳಿ ಬದುಕು, ಹೋದ ಕಡೆ ಹಾದಿ ಬಿಡಲಿ, ನಿಂತ ಕಡೆ ನೆಳಲಾಗಲಿ. ಆಮೇಲೆ ಮಾದನನ್ನು ಕರೆದರು. ಆಮೇಲೆ ಉಳಿದ ಹುಡುಗರೂ ಮುಂಗಟ್ಟು ಬಿಚ್ಚದೆಯೇ ಸಾಲಾಗಿ ಬಂದು ತಲೆ ಬಾಗಿಸಿದರು. ಕೊನೆಯವರಾಗಿ ಹಾಲಗೌಡರೂ ಬಾಗಿಸಲು ಹೋದಾಗ, "ಸುಳ್ಳು ಹೆಸ್ರು ಅಂಟ್ಸಕ್ಕೆ ಹೇಳಿದೋರಿಗೆ ಇಲ್ಲ," ಎಂದು ಹೆತ್ತೆ ಕೈ ಹಿಂದಕ್ಕೆಳೆದುಕೊಂಡರು. ಎಲ್ಲರೂ ನಕ್ಕ ಮೇಲೆ ಅವರಿಗೂ ಇಟ್ಟರು.

ಚೆನ್ನಯ್ಯನವರು ಇಲ್ಲಿಗೆ ಕಥೆ ನಿಲ್ಲಿಸಿದರು. ಜಗಲಿಯ ಮೇಲಿದ್ದವರಲ್ಲಿ ಹಿರಿಯನೊಬ್ಬ, ಆ ಮಾದ ತನ್ನ ಚಿಕ್ಕಪ್ಪನ ಮಗನೆಂದೂ, ಈಗ ಅದೇ ಶಾಲೆಯಲ್ಲಿ ಅದೇ ಪಾಠ ಹೇಳುತ್ತಾನೆಂದೂ ನನಗೆ ಕೇಳಿಸುವಂತೆ ಹೇಳಿ, ಬರೆದುಕೊಂಡೆನೋ ಇಲ್ಲವೋ ಎಂದು ಬಗ್ಗಿ ನೋಡಿದ. ಬಿಸಿಲು ಗುಡ್ಡದ ಹಿಂದೆ ಸರಿದು ಚಳಿ ಏರತೊಡಗಿತ್ತು. ಎಮ್ಮೆ ಕರೆಯುವ ಹೊತ್ತಾಯಿತೆಂದು ಒಬ್ಬ ಎದ್ದ. ಅವನ ಹಿಂದೆಯೇ ಉಳಿದವರೂ ಬಿಳಿಯ ಹೊದಿಕೆಗಳನ್ನು ಕೊಡವಿ ಹೆಗಲಿಗೆ ಎಳೆದುಕೊಂಡು, ತಮ್ಮ ತಮ್ಮ ಹಟ್ಟಿಗಳ ದಾರಿ ಹಿಡಿದು ಮನೆಗೆ ಹೋದರು.