ನಾಲ್ಕನೆಯ ಪಂಪು

ಶಿವಯೋಗೀಶರ ಕಾರಿನ ಸ್ಟೀರಿಂಗಿನ ನಾಲ್ಕನೆಯ ಪಂಪು ನರಳಲು ಶುರುಮಾಡಿದ್ದು ಶುಕ್ರವಾರ. ಆ ಸದ್ದನ್ನು ಅವರು ಫೋನಿನಲ್ಲೇ ಕೇಳಿಸಿದರು. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಹಸಿದ ಕರುವಿನ ಹಾಗೆ ಒಂದು ಕೂಗು. ಅದರ ಅರ್ಥ ನನಗೆ ಗೊತ್ತಿತ್ತು. ಇನ್ನು ಎರಡೋ ಮೂರೋ ಓಡಾಟ, ಆಮೇಲೆ ಯಾವುದೋ ತಿರುವಿನಲ್ಲಿ ಸ್ಟೀರಿಂಗ್ ಕಲ್ಲಾಗುತ್ತದೆ.

"ರಘುರಾಮ್, ಸಂಡೇ ಹಳೇ ಕಾರುಗಳ ಮೀಟ್ ಇದೆ. ಇಪ್ಪತ್ತು ಜನ ಬರ್ತಾರೆ, ಎಲ್ಲ ನಿಮ್ಮ ಕಸ್ಟಮರ್ಸೇ. ಕಾರಿಗೆ ಏನಾಯ್ತು ಅಂತ ಕೇಳಿದ್ರೆ ನಾನು ಸುಳ್ಳು ಹೇಳಲ್ಲ," ಎಂದರು.

ಸೆಂಬವಾಂಗ್‌ನಲ್ಲಿ ನನ್ನದು ಹಳೆಯ ಕಾರುಗಳ ವರ್ಕ್‌ಶಾಪು, ಊರು ಬಿಟ್ಟು ಬಂದ ಈ ಪರದೇಶದಲ್ಲಿ. ಹನ್ನೊಂದು ವರ್ಷವಾಯಿತು, ಇವತ್ತಿಗೂ ಬೋರ್ಡಿಲ್ಲ. ಉಡುಪಿಯವನೊಬ್ಬನಿದ್ದಾನೆ, ಕೈಗುಣ ಒಳ್ಳೆಯದು ಎಂದು ಒಬ್ಬರಿಂದ ಒಬ್ಬರಿಗೆ ಹೋಗುವ ಮಾತೇ ನನ್ನ ಬೋರ್ಡು. ಭಾನುವಾರ ಆ ಇಪ್ಪತ್ತು ಜನರ ಮುಂದೆ ಅದು ಕೆಳಗಿಳಿಯುವುದರಲ್ಲಿತ್ತು.

ಅವರದು ನಲವತ್ತು ವರ್ಷದ ಬಿಳಿ ಕಾರು. ಸ್ಟೀರಿಂಗನ್ನು ಹಗುರ ಮಾಡುವ ಪಂಪು ಎಂಜಿನ್ನಿನ ಪಕ್ಕದಲ್ಲಿ ಕೂತಿರುತ್ತದೆ, ಮೇಲೊಂದು ಪುಟ್ಟ ಎಣ್ಣೆಡಬ್ಬಿ, ಅದಕ್ಕೊಂದು ಮುಚ್ಚಳ. ಮೊದಲನೆಯ ಪಂಪು ವಯಸ್ಸಾಗಿ ಸತ್ತಿತು, ಅದರಲ್ಲಿ ತಪ್ಪೇನಿಲ್ಲ. ಹೊಸದು ಹಾಕಿ, ಪ್ರತಿ ಸಲ ಹೊರಡುವ ಮುಂಚೆ ಬಾನೆಟ್ ಎತ್ತಿ, ಮುಚ್ಚಳ ತೆಗೆದು ಎಣ್ಣೆ ನೋಡಿ ಎಂದು ನಾನೇ ಹೇಳಿಕೊಟ್ಟೆ. ಅದು ನಾಲ್ಕು ತಿಂಗಳಿಗೆ ಹೋಯಿತು. ಮೂರನೆಯದು ಮೂರೇ ತಿಂಗಳಿಗೆ. ಪೈಪು ಬದಲಿಸಿದೆ, ಬೆಲ್ಟು ಬದಲಿಸಿದೆ, ಕೊನೆಗೆ ಪಂಪು ಕಳಿಸಿದವನನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಶಿವಯೋಗೀಶರು ನಕ್ಕರು. ಆಮೇಲೆ ನಾಲ್ಕನೆಯದನ್ನು ಹಾಕಿಕೊಟ್ಟೆ.

ಶನಿವಾರ, ಕಪಾಟಿನಲ್ಲಿದ್ದ ಮೂರನೆಯ ಪಂಪನ್ನು ಬಿಚ್ಚಿದೆ. ಒಳಗೋಡೆಯ ತುಂಬ ಗೀರು, ತಳದಲ್ಲಿ ಬೂದುಬಣ್ಣದ ಕೆಸರು. ಎರಡನೆಯದರಲ್ಲೂ ಇದೇ ಕೆಸರಿತ್ತು, ಸವೆದ ಲೋಹದ ಪುಡಿ ಎಂದು ತೊಳೆದು ಚೆಲ್ಲಿದ್ದೆ. ಈ ಸಲ ಕೆಸರನ್ನು ಪೆಟ್ರೋಲಿನಲ್ಲಿ ತೊಳೆದು, ಬಿಳಿ ಬಟ್ಟೆಯ ಮೇಲೆ ಹರಡಿ ಬಿಸಿಲಿಗಿಟ್ಟೆ. ಲೋಹವಾದರೆ ಮಿನುಗಬೇಕು. ಇದು ಮಿನುಗಲಿಲ್ಲ. ಬೆರಳ ನಡುವೆ ತಿಕ್ಕಿದರೆ ಪೌಡರಿನಷ್ಟು ನುಣುಪು.

ಯಾರೋ ಹೊರಗಿನಿಂದ ಹಾಕುತ್ತಿದ್ದಾರೆ. ನನ್ನ ಹೆಸರು ಕೆಡಿಸಲೆಂದೇ ಹಾಕುತ್ತಿದ್ದಾರೆ ಎಂದು ಗಟ್ಟಿಯಾಗಿ ನಂಬಿದೆ. ನಾಳೆ ಕಾರು ತೆಗೆಯಬೇಡಿ, ಅಪಾಯ ಎಂದು ಶಿವಯೋಗೀಶರಿಗೆ ಫೋನು ಮಾಡಿದರೆ, ಮರ್ಯಾದೆ ಹೋಗುತ್ತದೆಂದು ಹೆದರಿದಿರಾ ಎಂದು ಕೇಳಿ ಇಟ್ಟುಬಿಟ್ಟರು. ಹಾಕುವವರನ್ನು ನಾನೇ ಕಣ್ಣಾರೆ ಹಿಡಿಯುವುದೆಂದು ತೀರ್ಮಾನಿಸಿದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೌಗಾಂಗ್‌ನಲ್ಲಿ, ಶಿವಯೋಗೀಶರ ಮನೆಯಿರುವ ಬ್ಲಾಕಿನ ಕಾರ್‌ಪಾರ್ಕಿನ ಮೂರನೆಯ ಮಹಡಿಯಲ್ಲಿ, ಕಂಬದ ಹಿಂದೆ ಕಳ್ಳನ ಹಾಗೆ ನಿಂತೆ. ಆ ಪುಡಿ ಕಟ್ಟಿದ ಬಟ್ಟೆಯ ಗಂಟು ಜೇಬಿನಲ್ಲಿತ್ತು. ಶಿವಯೋಗೀಶರು ಬಂದು ಬಾನೆಟ್ ಎತ್ತಿದರು, ನಾನು ಕಲಿಸಿದಂತೆಯೇ ಮುಚ್ಚಳ ತಿರುಗಿಸಿ ಎಣ್ಣೆ ನೋಡಿದರು, ಮುಚ್ಚಳವನ್ನು ಬ್ಯಾಟರಿಯ ಮೇಲಿಟ್ಟು ಏನೋ ಮರೆತವರಂತೆ ಲಿಫ್ಟಿನ ಕಡೆಗೆ ಹೋದರು.

ಜೊತೆಯಲ್ಲಿ ಬಂದಿದ್ದ ಅವರ ತಾಯಿ ದಾನವ್ವ ಅಲ್ಲೇ ಉಳಿದರು. ಸೆರಗಿನಿಂದ ವಿಭೂತಿಗಟ್ಟಿ ತೆಗೆದು ಕಾರಿನ ಮೂತಿಗೆ ಮೂರು ಬೆರಳಿನ ಪಟ್ಟೆ ಎಳೆದರು. ಆಮೇಲೆ ಗಟ್ಟಿಯನ್ನು ಉಗುರಿನಿಂದ ಕೆರೆದು, ಒಂದು ಚಿಟಿಕೆ ಪುಡಿಯನ್ನು ತೆರೆದ ಡಬ್ಬಿಯೊಳಗೆ ಉದುರಿಸಿ ಕಣ್ಣು ಮುಚ್ಚಿದರು. ಜ್ವರ ಬಂದ ಮಗುವಿಗೆ ಹಣೆಗೆ ಹಚ್ಚಿ ಬಾಯಿಗೂ ಒಂದು ಚಿಟಿಕೆ ಹಾಕುತ್ತಾರಲ್ಲ, ಹಾಗೆ.

"ಅಮ್ಮಾ, ಏನು ಹಾಕ್ತಿದ್ದೀರಿ ಅದರೊಳಗೆ?"

ನನ್ನ ದನಿ ಇಡೀ ಮಹಡಿಗೆ ಕೇಳಿಸಿರಬೇಕು. ಅವರು ಬೆಚ್ಚಲಿಲ್ಲ.

"ಮೊದಲನೇದು ಕೆಟ್ಟಾಗಿಂದ ಹಾಕಾಕತ್ತೀನಿ ತಮ್ಮಾ. ಕೆಟ್ಟಾಗೆಲ್ಲ ನಮ್ಮ ಶಿವೂ ನಿನಗ ಬೈತಾನ, ನನಗ ಕೇಳಾಕ ಆಗೂದಿಲ್ಲ. ಈ ಸಲರೆ ಕೆಡಬಾರದು, ನಿನ್ನ ಹೆಸರು ಉಳೀಬೇಕು ಅಂತ."

ಬೈಯಲು ಕಟ್ಟಿಕೊಂಡು ಬಂದಿದ್ದ ಮಾತುಗಳನ್ನು ಬದಿಗಿಟ್ಟು ಜೇಬಿಗೆ ಕೈಹಾಕಿದೆ. ಬಟ್ಟೆ ಬಿಚ್ಚಿ ಅವರ ಗಟ್ಟಿಯ ಪಕ್ಕಕ್ಕೆ ಹಿಡಿದು, ಇದು ಕೆಟ್ಟ ಪಂಪಿನೊಳಗೆ ಸಿಕ್ಕಿದ್ದು ಎಂದೆ. ಅವರು ಅದನ್ನು ಮುಟ್ಟಿ, ಬೆರಳ ತುದಿಯಲ್ಲಿ ತಿಕ್ಕಿ ನೋಡಿದರು.

"ಬೂದಿಲೇ ಪಾತ್ರಿ ತಿಕ್ಕಿ ಬೆಳದಾಕಿ ನಾನು," ಎಂದರು ಮೆಲ್ಲಗೆ. "ಒಳಗೆಲ್ಲ ತಿಕ್ಕಿ ಸವಿಸೇತೇನು?"

ಹೌದೆನ್ನುವಷ್ಟರಲ್ಲಿ ಶಿವಯೋಗೀಶರು ನೀರಿನ ಬಾಟಲಿ ಹಿಡಿದು ಬಂದರು. ನನ್ನನ್ನು ಕಂಡು ಹುಬ್ಬು ಗಂಟಾಯಿತು. ಕಾರಣ ಏನಾದರೂ ಸಿಕ್ಕಿತೇ, ಅಥವಾ ಇವತ್ತೂ ನೆಲ ಡೊಂಕೇ ಎಂದು ಕೇಳಿದರು. ಒಂದು ಮಾತು ಆಡಿದರೆ ನನ್ನ ಹೆಸರು ಉಳಿಯುತ್ತಿತ್ತು. ದಾನವ್ವ ಗಟ್ಟಿಯನ್ನು ಮುಷ್ಟಿಯಲ್ಲಿ ಅಮುಕಿಕೊಂಡು ನಿಂತಿದ್ದರು. ನನ್ನ ಕಡೆ ನೋಡಲೂ ಇಲ್ಲ.

"ಒಳಗೆ ಧೂಳು ಹೋಗಿದೆ," ಎಂದೆ.

"ಅಂದ್ರೆ ನೀವು ಸರಿಯಾಗಿ ಕ್ಲೀನ್ ಮಾಡಿಲ್ಲ. ಇಷ್ಟು ದಿನ ಒಪ್ಕೊಳ್ಳೋಕೆ ಏನಾಗಿತ್ತು?"

ಸಿಟ್ಟು ಮೂಗಿನ ತುದಿಯಲ್ಲಿರುವವನು ನಾನು. ಆದರೂ ಅದನ್ನು ನುಂಗಿದೆ. ಬಟ್ಟೆಯನ್ನು ಮಡಚಿ ಜೇಬಿಗೆ ತುರುಕಿದೆ.

"ಧೂಳಲ್ಲ," ಎಂದರು ದಾನವ್ವ. "ನಾ ಹಾಕಿದ ವಿಭೂತಿ."

ಪೂರ್ತಿ ಹೇಳಿದರು, ಒಂದು ಚಿಟಿಕೆಯನ್ನೂ ಬಿಡದೆ. ಶಿವಯೋಗೀಶರ ಮುಖ ಕೆಂಪಾಯಿತು, ಬಾಯಿ ತೆರೆಯಿತು. ದಾನವ್ವ ಮಗನೆದುರು ಸರಿಯಾಗಿ ನಿಂತರು.

"ಬೈಯೂದಿದ್ರ ಇಲ್ಲಿ ಬ್ಯಾಡ. ಆ ಇಪ್ಪತ್ತು ಮಂದಿ ಮುಂದ ನನಗ ಬೈ. ಇವಗ ಅಲ್ಲೇ ಬೈಯಾಂವ ಇದ್ದೆಲ್ಲ."

ತೆರೆದ ಬಾಯಿ ಮುಚ್ಚಿತು. ಶಿವಯೋಗೀಶರು ಬ್ಯಾಟರಿಯ ಮೇಲಿದ್ದ ಮುಚ್ಚಳ ತೆಗೆದು ಡಬ್ಬಿಗೆ ಬಿಗಿಯಾಗಿ ತಿರುಗಿಸಿ, ಕಾರಿನ ಕೀಲಿಯನ್ನು ನನ್ನ ಕೈಗಿಟ್ಟರು. ಮೀಟ್‌ಗೆ ಮೂವರೂ ಟ್ಯಾಕ್ಸಿಯಲ್ಲಿ ಹೋಗೋಣ, ಅಲ್ಲಿ ಹೇಳಬೇಕಾದ್ದನ್ನು ತಾನೇ ಹೇಳುತ್ತೇನೆ ಎಂದರು. ನನ್ನ ಮುಖ ನೋಡಿ ಹೇಳಲು ಅವರಿಗಾಗಲಿಲ್ಲ.

ಐದನೆಯ ಪಂಪು ಹೇಗೂ ಬೇಕು, ಪೈಪುಗಳನ್ನೆಲ್ಲ ಬಿಚ್ಚಿ ತೊಳೆಯಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದಾಗ ದಾನವ್ವ ಹತ್ತಿರ ಬಂದರು. ಗಟ್ಟಿಗೆ ಮೂರು ಬೆರಳು ತಿಕ್ಕಿದರು.

"ಬಾಗು. ಇನ್ನ ಮ್ಯಾಲ ಇಲ್ಲೇ ಹಚ್ತೀನಿ."

ನಮ್ಮ ಮನೆಯಲ್ಲಿ ಹಣೆಗೆ ಗೋಪಿಚಂದನ ಇಡುವುದು, ವಿಭೂತಿ ಯಾರೂ ಹಚ್ಚಿದ್ದಿಲ್ಲ. ನಾನು ಹಣೆಯೊಡ್ಡಿದೆ.