ಕರೆಯೋ ಮಗ್ಗುಲು

ಮೂವತ್ತಾರು ಹಸುಗಳ ಫೋಟೋ ತೆಗೆಯಲು ನಾನೇ ಹೋಗುತ್ತೇನೆ ಅಂದಾಗ ಅಪ್ಪ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಡಿಗ್ರೀಲಿ ಒಂದ್ ಪೇಪರ್ ಪಾಸ್ ಮಾಡಕ್ಕಾಗ್ನಿಲ್ಲ, ಇವ್ಳು ಹಸ ತೆಗೀತಾಳಂತೆ," ಅಂದ.

ಅಪ್ಪನಿಗೂ ಬೇರೆ ದಾರಿ ಇರಲಿಲ್ಲ. ಅದು ತೊಂಬತ್ತೈದರ ಏಪ್ರಿಲ್, ಮದುವೆಗಳ ಕಾಲ. ನಾಗಮಂಗಲದ ಬಸ್‌ಸ್ಟ್ಯಾಂಡ್ ಹಿಂದೆ ನಮ್ಮ ಸ್ಟುಡಿಯೋ. ಪಾಂಡವಪುರದಲ್ಲಿ ಮೂರು ದಿನದ ಮದುವೆ ಒಪ್ಪಿಕೊಂಡಿದ್ದ ಅಪ್ಪನಿಗೆ ಅದೇ ವಾರ ದೇವಲಾಪುರದ ಹಾಲಿನ ಡೈರಿಯವರು ಹೇಳಿ ಕಳಿಸಿದ್ದರು. ಹಸುಗಳಿಗೆ ಇನ್ಶೂರೆನ್ಸ್ ಮಾಡಿಸುತ್ತಿದ್ದರು. ದನದ ಡಾಕ್ಟರು ಪ್ರತಿ ಹಸುವಿನ ಕಿವಿಗೂ ನಂಬರಿನ ಬಿಲ್ಲೆ ಹೊಡೆದಿದ್ದರು. ಊರವರು ಅದನ್ನು ಓಲೆ ಅನ್ನುತ್ತಿದ್ದರು. ಹಸು, ಅದರ ಪಕ್ಕದಲ್ಲಿ ಯಜಮಾನ ಅಥವಾ ಯಜಮಾನಿ, ಓಲೆ ಕಾಣಬೇಕು. ಅಷ್ಟೇ ಕೆಲಸ.

ಅಪ್ಪ ಕಪ್ಪು ಬಿಳುಪಿನ ಒಂದು ರೋಲು ಕೊಟ್ಟ.

"ಮೂವತ್ತಾರು ಹಸ, ಮೂವತ್ತಾರು ಫೋಟೋ. ಕೆಡಿಸ್ಕಂಡ್ ಬಂದ್ಯೋ, ಇನ್ ಕ್ಯಾಮೆರಾ ಮುಟ್ಟಂಗಿಲ್ಲ. ಕೌಂಟ್ರಲ್ಲಿ ಕೂತ್ಕಂಡ್ ಕವರ್ ಮೇಲೆ ಹೆಸ್ರು ಬರಿ."

ಒಂದು ವರ್ಷದಿಂದ ಅದನ್ನೇ ಮಾಡುತ್ತಿದ್ದೆ. ಕವರಿನ ಮೇಲೆ ಹೆಸರು ಬರೆಯುವುದು ಎಂಥ ಕೆಲಸ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ದೇವಲಾಪುರದಲ್ಲಿ ಬಸ್ಸು ಇಳಿದಾಗ ಡೈರಿ ಸೆಕ್ರೆಟರಿ ಲೋಕೇಶ್ ನನ್ನ ಹಿಂದೆ ಇನ್ಯಾರಾದರೂ ಇಳಿಯುತ್ತಾರೇನೋ ಅಂತ ನೋಡಿದ. ಯಾರೂ ಇಳಿಯಲಿಲ್ಲ.

"ನೀನೇಯಾ?"

"ನಾನೇ."

"ಸರಿ ಬಾ. ಹಸಕ್ಕೇನ್ ಗೊತ್ತಾಯ್ತದೆ."

ಮೊದಲ ಮನೆ ಬೈರಮ್ಮನದು. ಅರವತ್ತರ ಹೆಂಗಸು, ಮಾತು ಜೋರು. ಹಸುವನ್ನು ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ತಾನೂ ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಉಟ್ಟಿದ್ದಳು. ನಾನು ಕ್ಯಾಮೆರಾ ಎತ್ತಿದ ಕೂಡಲೇ ಕೈ ಎರಡೂ ತೊಡೆಗೆ ಅಂಟಿಸಿ ಪೊಲೀಸ್ ಸ್ಟೇಷನ್ನಿಗೆ ಕರೆಸಿಕೊಂಡವಳ ಹಾಗೆ ನಿಂತಳು. ಹಸುವೂ ಕತ್ತು ಸೆಟೆದುಕೊಂಡಿತು.

ಒಂದು ಹಸುವಿಗೆ ಇರುವುದೇ ಒಂದು ಫಿಲ್ಮು, ಒತ್ತಿದರೆ ಹೋಯಿತು. ಬೆರಳು ತೆಗೆದು ಸುಮ್ಮನೆ ನೋಡಿದೆ.

"ಬೈರಕ್ಕ, ಫೋಟೋಗೆ ನಿಂತ್ಕಬೇಡ. ಹಾಲ್ ಕರೆಯಕ್ ಹೋಗ್ವಾಗ ಹೆಂಗ್ ಹೋಗ್ತೀಯ, ಅಂಗೆ ಹೋಗು."

"ಹೊಸ ಸೀರೇಲಾ?"

"ಹೂಂ."

ಬೈರಮ್ಮ ಬೈದುಕೊಳ್ಳುತ್ತಲೇ ಹಸುವಿನ ಕರೆಯೋ ಮಗ್ಗುಲಿಗೆ ಬಂದಳು. ಯಾವ ಹಸುವಾದರೂ ಹಾಲು ಕರೆಯುವವರನ್ನು ಒಂದೇ ಮಗ್ಗುಲಿಗೆ ಬಿಟ್ಟುಕೊಳ್ಳುತ್ತದೆ. ನಮ್ಮ ಮನೆಯಲ್ಲೂ ಎರಡು ಹಸುಗಳಿವೆ, ಬೆಳಿಗ್ಗೆ ಕರೆಯುವವಳು ನಾನೇ. ಬೈರಮ್ಮ ಅಂಗೈಯನ್ನು ಹಸುವಿನ ಪಕ್ಕೆಗೆ ಇಟ್ಟಳು. ಹಸು ಒಂದು ಉಸಿರು ಬಿಟ್ಟು ಮೈ ಸಡಿಲ ಮಾಡಿತು. ಬೈರಮ್ಮನ ಭುಜವೂ ಇಳಿಯಿತು. ಅದಕ್ಕೇನೋ ಅಂದಳು, ನನಗೆ ಕೇಳಿಸಲಿಲ್ಲ. ಆಗ ಒತ್ತಿದೆ.

ಕ್ಯಾಮೆರಾದ ಆ ಸದ್ದು ನನಗೆ ಎಷ್ಟು ಹಿಡಿಸಿತು ಅಂದರೆ, ಮುಂದಿನ ಮನೆಗೆ ಓಡಿಕೊಂಡೇ ಹೋದೆ.

ಮಧ್ಯಾಹ್ನದವರೆಗೆ ಹೀಗೇ ನಡೆಯಿತು. ಬಾಲ ನಿಲ್ಲುವ ತನಕ ಕಾಯುವುದು. ನೊಣ ಎದ್ದು ಹೋಗುವ ತನಕ ಕಾಯುವುದು. ಹಲಸಿನ ಮರದ ನೆರಳಿನಿಂದ ಅರ್ಧ ಹೆಜ್ಜೆ ಈಚೆ ಎಳೆಸುವುದು. ಚೌಡಯ್ಯ ಅನ್ನುವವನು ಫೋಟೋ ಅಂದರೆ ಮೀಸೆ ತಿರುವುತ್ತಿದ್ದ. ಮೀಸೆ ಬಿಟ್ಟು ಹಸುವಿನ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರಲು ಹೇಳಿದ್ದಕ್ಕೆ ಮುಖವೇ ಬದಲಾಯಿತು. ಫಿಲ್ಮು ಮುಗಿದಾಗ ಇನ್ನೂ ಹತ್ತು ಹಸು ಇರಬಾರದಿತ್ತೇ ಅನ್ನಿಸಿತು.

ಮಾರನೆಯ ದಿನ ನಮ್ಮ ಹಳೇ ಬಚ್ಚಲುಮನೆಯಲ್ಲಿ, ಅದೇ ನಮ್ಮ ಡಾರ್ಕ್‌ರೂಮು, ಕೆಂಪು ಬಲ್ಬು ಹಾಕಿಕೊಂಡು ಒಂದೊಂದೇ ಪ್ರಿಂಟು ಹಾಕಿದೆ. ಟ್ರೇಯಲ್ಲಿ ಬಿಳೀ ಕಾಗದ. ಅಲ್ಲಾಡಿಸುತ್ತಿದ್ದರೆ ಮೊದಲು ಹಸುವಿನ ಕಪ್ಪು ಮಚ್ಚೆ ಬರುತ್ತದೆ, ಆಮೇಲೆ ಕಣ್ಣು, ಆಮೇಲೆ ಮನುಷ್ಯರು. ಸೆಕೆಗೆ ಲಂಗವೆಲ್ಲ ಒದ್ದೆ. ಪ್ರಿಂಟು ತೊಳೆಯುವ ಹೈಪೋ ವಾಸನೆಗೆ ತಲೆ ನೋವು. ಆದರೂ ಅಮ್ಮ ಊಟಕ್ಕೆ ಕರೆದಾಗ "ಬಂದೆ" ಅಂತ ಮೂರು ಸಲ ಸುಳ್ಳು ಹೇಳಿದೆ.

ಶುಕ್ರವಾರ ಎಲ್ಲವನ್ನೂ ದನದ ಆಸ್ಪತ್ರೆಯ ಸುದರ್ಶನ್ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವರು ಮೂರು ನೋಡಿದರು. "ಚೆನ್ನಾಗಿದೆಯಲ್ಲ," ಅಂದರು. ಮತ್ತೆರಡು ನೋಡಿದರು. ಕನ್ನಡಕ ತೆಗೆದರು.

"ಕಿವಿ ಎಲ್ಲಮ್ಮಾ?"

"ಇದೆಯಲ್ಲ ಸಾರ್."

"ಇದು ಕಿವಿ. ಓಲೆ ಇರೋ ಕಿವಿ ಎಲ್ಲಿ?"

ನೋಡಿದೆ. ಹಸುವಿನ ತಲೆಯ ಆಚೆ ಬದಿಯಲ್ಲಿತ್ತು. ಮುಂದಿನದರಲ್ಲೂ ಅಲ್ಲೇ. ಮೂವತ್ತಾರನ್ನೂ ಮೇಜಿನ ಮೇಲೆ ಹರಡಿದೆವು. ಒಂದರಲ್ಲೂ ಓಲೆ ಇರಲಿಲ್ಲ.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ನಾನು ಓಲೆ ಹೊಡೆಯುವಾಗ ಮನೆಯವರು ಕರೆಯೋ ಮಗ್ಗುಲಲ್ಲಿ ನಿಂತು ಕತ್ತು ಹಿಡ್ಕೊಂಡಿರ್ತಾರೆ. ನನಗೆ ಸಿಗೋದು ಆಚೆ ಕಿವಿ. ನೀನು ಎಲ್ಲರನ್ನೂ ಮತ್ತೆ ಅದೇ ಮಗ್ಗುಲಿಗೆ ನಿಲ್ಲಿಸಿದೀಯ. ಹಾಲು ಕರೆಯೋಕೆ ಬರುತ್ತಾ ನಿನಗೆ?"

"ಬರುತ್ತೆ ಸಾರ್."

"ಅದೇ ತೊಂದರೆ."

ಓಲೆ ಕಾಣಬೇಕು ಅಂತ ನನಗೆ ಗೊತ್ತಿತ್ತು. ಪ್ರತಿ ಮನೆಯಲ್ಲೂ ಓಲೆಯನ್ನು ಕಣ್ಣಾರೆ ನೋಡಿದ್ದೆ. ನಾನು ನೋಡಿದ್ದು ಫೋಟೋದಲ್ಲಿ ಬರಲಿಲ್ಲ, ಅಷ್ಟೇ. ಹಸುವಿಗೆ ಇನ್ನೊಂದು ಮಗ್ಗುಲು ಇದೆ ಅಂತಲೇ ನನಗೆ ಹೊಳೆದಿರಲಿಲ್ಲ.

ಸೋಮವಾರ ಇನ್ಶೂರೆನ್ಸಿನ ಕಾಗದಗಳು ಹೋಗಬೇಕಿತ್ತು. ಅಪ್ಪ ಬರುವುದು ಶನಿವಾರ ಸಂಜೆ. ಸ್ಟುಡಿಯೋದ ಗಾಜಿನ ಬೀರುವಿನಿಂದ ಒಂದು ರೋಲು ಎತ್ತಿಕೊಂಡು ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹತ್ತಿದೆ. ಯಾವ ಹಸು ಯಾರದು ಅಂತ ತಪ್ಪಾಗದಿರಲಿ ಎಂದು ಹಳೇ ಪ್ರಿಂಟುಗಳನ್ನೂ ಒಯ್ದೆ.

ಲೋಕೇಶ್ ಡೈರಿ ಮುಂದೆ ಕ್ಯಾನು ಎಣಿಸುತ್ತಿದ್ದ. ವಿಷಯ ಹೇಳಿದೆ. ಅವನು ಅಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ ಕೂಗಿದ.

"ಲೇ, ನಿಮ್ ಹಸ ಎಲ್ಲ ಫೇಲಾಗವಂತೆ ಕಣ್ರಲಾ! ಸಪ್ಲಿಮೆಂಟ್ರಿ ಬರ್ಸಕ್ ಬಂದವ್ಳೆ!"

"ಹಸ ಫೇಲಾಗಿಲ್ಲ, ನಾನ್ ಫೇಲಾಗಿರೋದು," ಅಂದೆ.

"ಅದ್ ಬುಡು, ನಿಂಗ್ ಹೊಸ್ದಾ," ಅಂದ ಚೌಡಯ್ಯ. ನನ್ನ ಡಿಗ್ರಿ ಸುದ್ದಿ ಅಲ್ಲಿಗೂ ಮುಟ್ಟಿತ್ತು.

ಈ ಸಲದ್ದು ಯುದ್ಧ. ಆಚೆ ಮಗ್ಗುಲಿಗೆ ಯಜಮಾನರು ಹೋದರೂ ಹಸು ಒಪ್ಪುವುದಿಲ್ಲ. ತಿರುಗಿ ತಿರುಗಿ ತನ್ನ ಕರೆಯೋ ಮಗ್ಗುಲನ್ನೇ ಕೊಡುತ್ತದೆ. ಚೌಡಯ್ಯನೂ ಅವನ ಹಸುವೂ ಗೂಟದ ಸುತ್ತ ನಾಲ್ಕು ಸುತ್ತು ಹಾಕಿದರು. ಬೈರಮ್ಮನ ಹಸು ನನ್ನ ಮೊಣಕಾಲಿಗೆ ಒದೆಯಿತು.

"ನಾನೇ ಈ ಕಡೀಕ್ ಬಂದಿಲ್ಲ ಕಣವ್ವ, ಐದೊರ್ಸಾಯ್ತು," ಅಂದಳು ಬೈರಮ್ಮ, ದೂರದಿಂದ ಹಗ್ಗ ಹಿಡಿದುಕೊಂಡು. "ಬಿರ್ರನೆ ಒತ್ತು."

ಒತ್ತಿದೆ. ಓಲೆ ಹೊಳೆಯುತ್ತಿತ್ತು. ಹಸು ಕಣ್ಣು ಬಿಟ್ಟುಕೊಂಡಿತ್ತು, ಬೈರಮ್ಮ ಹಲ್ಲು ಕಚ್ಚಿಕೊಂಡಿದ್ದಳು. ಇನ್ಶೂರೆನ್ಸಿಗೆ ಸಾಕು.

ಅಷ್ಟರಲ್ಲಿ ಅವಳು ನನ್ನ ಚೀಲದಿಂದ ಹಳೇ ಪ್ರಿಂಟು ಎಳೆದಳು. ಬಿಸಿಲಿಗೆ ಹಿಡಿದು ತುಂಬಾ ಹೊತ್ತು ನೋಡಿದಳು.

"ನಾನ್ ಇಂಗಿದ್ದೀನಾ?"

"ಇಂಗೇ ಇದ್ದೀಯ."

"ನಂ ಮನೇಲ್ ಇರೋದೆಲ್ಲ ಮದ್ವೆ ಫೋಟೋನೇಯಾ. ಅದ್ರಲ್ಲಿ ನಾನ್ ಎಲ್ಲವ್ನಿ ಅಂತ ಹುಡುಕ್ಬೇಕು." ಪ್ರಿಂಟನ್ನು ಸೆರಗಿನೊಳಗೆ ಇಟ್ಟುಕೊಂಡಳು. "ಇದ್ನ ಡಾಕ್ಟ್ರಿಗೆ ಕೊಡ್ಬೇಡ."

"ಅವ್ರಿಗೆ ಬ್ಯಾಡ್ವಂತೆ."

"ಅವ್ರಿಗೇನ್ ಗೊತ್ತು."

ಸುದ್ದಿ ನನಗಿಂತ ಮುಂದೆ ಹೋಯಿತು. ಮುಂದಿನ ಮನೆಗಳಲ್ಲಿ ಮೊದಲು ಹಳೇ ಪ್ರಿಂಟು ಕೇಳಿದರು, ಆಮೇಲೆ ಹಸು ಹಿಡಿದುಕೊಂಡರು. ಮಧ್ಯಾಹ್ನಕ್ಕೆ ಚೀಲ ಖಾಲಿ.

ಸಂಜೆ ಅಪ್ಪ ಬಂದಾಗ ನಾನು ಎರಡನೇ ರೋಲು ತೊಳೆದು ತಂತಿಗೆ ನೇತು ಹಾಕಿದ್ದೆ. ಬೀರುವಿನಲ್ಲಿ ಒಂದು ರೋಲು ಕಡಿಮೆ ಇರುವುದನ್ನು ಅವನು ಚಪ್ಪಲಿ ಬಿಡುವ ಮೊದಲೇ ಕಂಡ. ಅವನು ಕೇಳುವ ಮುಂಚೆ ನಾನೇ ಹೇಳಿದೆ, ಓಲೆ, ಆಚೆ ಕಿವಿ, ಡಾಕ್ಟರು ನಕ್ಕಿದ್ದು, ಎಲ್ಲ.

"ಅಂದ್ರೆ ಕೆಡಿಸ್ದೆ."

"ಹೂಂ."

"ಪ್ರಿಂಟೆಲ್ಲಿ?"

"ಹಂಚ್‌ಬುಟ್ಟೆ."

ಅಪ್ಪ ಮೊದಲ ರೋಲಿನ ನೆಗೆಟಿವ್ ತೆಗೆದು ಟ್ಯೂಬ್‌ಲೈಟಿಗೆ ಹಿಡಿದ. ಒಂದೊಂದು ಪಟ್ಟಿಯನ್ನೂ ನಿಧಾನವಾಗಿ ಸರಿಸಿದ. ನಾನು ಕವರುಗಳ ಕಟ್ಟನ್ನು ನೋಡುತ್ತಾ ನಿಂತೆ. ಈಗಲೇ ಹೋಗಿ ಕೂತುಬಿಡಲೇ ಅನ್ನಿಸಿತು.

"ಈ ಯಮ್ಮ ಯಾರು?"

"ಬೈರಮ್ಮ."

"ಏನಂದೆ ಇವ್ಳಿಗೆ?"

"ಹಾಲ್ ಕರೆಯಕ್ ಹೋಗಂಗೆ ಹೋಗು ಅಂದೆ."

ಅಪ್ಪ ಇನ್ನೊಂದು ಪಟ್ಟಿ ಹಿಡಿದ. "ಮೂರ್ ದಿನ ಇನ್ನೂರೈವತ್ ಜನಕ್ಕೆ ನಗ್ರಿ ನಗ್ರಿ ಅಂದ್ ಬಂದಿವ್ನಿ. ಒಬ್ನೂ ನೆಟ್ಟಗ್ ನಗ್ನಿಲ್ಲ."

ನಾನು ಕವರುಗಳ ಕಟ್ಟನ್ನು ನೆಟ್ಟಗೆ ಮಾಡಿದೆ. ಇಂಥ ಹೊತ್ತಲ್ಲಿ ಮಾತಾಡಿದರೆ ಕೆಡುತ್ತದೆ.

"ಬಿಂಡಿಗನವಿಲೆ ಡೈರಿಯವ್ರೂ ಕೇಳವ್ರೆ," ಅಂದ. "ನಲವತ್ತು ಹಸ. ಓಲೆ ಬಂದಿಲ್ಲ ಅಂದ್ರೆ ನೋಡು."

"ಬತ್ತದೆ. ಆದ್ರೆ ಒಂದೊಂದ್ ಹಸಕ್ಕೂ ಎರಡೆರಡ್ ತೆಗೀತೀನಿ."

"ಯಾಕೆ?"

"ಒಂದು ಡಾಕ್ಟ್ರಿಗೆ."

ಅಪ್ಪ ನನ್ನ ಮುಖ ನೋಡಿದ, ಬೀರು ನೋಡಿದ. ಬಯ್ಯುತ್ತಾನೆ ಅಂದುಕೊಂಡೆ. ಅಂಗಿಯ ತೋಳು ಮಡಚಿಕೊಂಡು ಬಚ್ಚಲುಮನೆಗೆ ಹೋಗಿ ಕೆಂಪು ಬಲ್ಬು ಹಾಕಿದ.

"ಆ ಮೀಸೆಯೋನ್ದು ಯಾವ್ ನಂಬ್ರು?" ಒಳಗಿನಿಂದಲೇ ಕೂಗಿದ. "ಒಂದು ದೊಡ್ಡುದ್ ಹಾಕ್ ನೋಡವ. ಬಾಗ್ಲು ಹಾಕ್ಕಂಡ್ ಬಾ, ಬೆಳಕ್ ಬತ್ತದೆ."