ಗಿಣಿ ಕಿಟಕಿ ಮುಚ್ಚಿದಳು

ಶಾಲೆಯಲ್ಲಿ ಎಲ್ಲರೂ ಅವಳನ್ನು ಗಿಣಿ ಎನ್ನುತ್ತಿದ್ದರು. ಮೂರನೇ ತರಗತಿಯಲ್ಲಿ ಮೊದಲ ಸಲ ವೇದಿಕೆ ಹತ್ತಿ, ಒಂದಕ್ಷರವೂ ತಪ್ಪದೆ ಭಾಷಣ ಒಪ್ಪಿಸಿ ಇಳಿದಾಗ ಯಾರೋ ಮೇಷ್ಟ್ರು ಮೆಚ್ಚಿ ಇಟ್ಟ ಹೆಸರು. ಅವಳು ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಆ ಹೆಸರಿನಲ್ಲಿ ಮೆಚ್ಚುಗೆ ಕಡಿಮೆಯಾಗಿ ಕುಟುಕು ಹೆಚ್ಚಾಗಿತ್ತು. ಗಿಣಿ ಚೆನ್ನಾಗಿಯೇ ಮಾತಾಡುತ್ತಾಳೆ, ಆದರೆ ಮಾತು ಯಾರದು ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಮಾತು ಅಪ್ಪನದು. ಅಪ್ಪ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದ. ಹಗಲೆಲ್ಲ ಬೇರೆಯವರ ವಾಕ್ಯಗಳಿಗೆ ಕೆಂಪು ಗೀಟು ಎಳೆದು, ಸಂಜೆ ಮನೆಗೆ ಬಂದು ಮಗಳಿಗಾಗಿ ತನ್ನ ವಾಕ್ಯಗಳನ್ನು ಬರೆಯುತ್ತಿದ್ದ. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು, ಯಾವ ಮಾತಿಗೆ ಕೈ ಎತ್ತಬೇಕು ಎಂಬುದೆಲ್ಲ ಅದರಲ್ಲೇ ಇರುತ್ತಿತ್ತು. ಸ್ಪರ್ಧೆಯ ದಿನ ಎರಡನೇ ಸಾಲಿನಲ್ಲಿ ಕೂತು ಅವಳ ಜೊತೆಜೊತೆಗೇ ತುಟಿ ಆಡಿಸುತ್ತಿದ್ದ. ಚಪ್ಪಾಳೆ ಬಿದ್ದಾಗ ಅವನ ಕಿವಿ ಕೆಂಪಾಗುತ್ತಿತ್ತು. ಮನೆಯಲ್ಲಿ ಬಹುಮಾನದ ಕಪ್ಪುಗಳಿಗೆ ಜಾಗ ಸಾಲದೆ, ಅಮ್ಮ ಒಂದನ್ನು ಅಡುಗೆಮನೆಗೆ ಒಯ್ದು ಅದರಲ್ಲಿ ಚಮಚಗಳನ್ನು ನಿಲ್ಲಿಸಿದ್ದಳು. ಅದಕ್ಕಾಗಿ ಗಂಡಹೆಂಡಿರ ನಡುವೆ ಒಂದು ಸಣ್ಣ ಜಗಳವೂ ಆಗಿತ್ತು.

ಆ ವರ್ಷ ಶಾಲೆಯವರು ಚರ್ಚಾಸ್ಪರ್ಧೆಯ ನಿಯಮ ಬದಲಿಸಿದರು. ಕೊನೆಯ ಸುತ್ತು ಪೋಷಕರ ದಿನದಂದು, ಎಲ್ಲರ ಮುಂದೆ. ವಿಷಯವನ್ನು ಅಲ್ಲೇ ಚೀಟಿ ಎತ್ತಿ ಆರಿಸುವುದು. ಸ್ವಲ್ಪ ಹೊತ್ತು ಒಂಟಿಯಾಗಿ ಕೋಣೆಯಲ್ಲಿ ಕೂತು ಯೋಚಿಸಬೇಕು, ಆಮೇಲೆ ಬಂದು ಮಾತಾಡಬೇಕು. ಆ ಹೊತ್ತಿನಲ್ಲಿ ಹೊರಗಿನವರು ಯಾರೇ ಹತ್ತಿರ ಸುಳಿದರೂ ಸ್ಪರ್ಧೆಯಿಂದ ಹೊರಗೆ. ಗೆದ್ದವರು ಶಾಲೆಯ ಪರವಾಗಿ ಅಂತರಶಾಲಾ ಸ್ಪರ್ಧೆಗೆ ಹೋಗುತ್ತಾರೆ.

"ಇದು ನಮ್ಮನ್ನೇ ಗುರಿ ಇಟ್ಕೊಂಡು ಮಾಡಿರೋದು," ಎಂದು ಅಪ್ಪ ಸಿಡಿಮಿಡಿಗೊಂಡ. "ಪರವಾಗಿಲ್ಲ. ಬರಬಹುದಾದ ವಿಷಯಗಳ ಮೇಲೆಲ್ಲ ಒಂದೊಂದು ಬರೆದುಬಿಡ್ತೀನಿ."

"ಬೇಡ ಅಪ್ಪಾ. ಈ ಸಲ ನಾನೇ ನೋಡ್ಕೋತೀನಿ," ಎಂದಳು ಗಿಣಿ.

ಅಪ್ಪ ನಕ್ಕ. ಬರೆಯುವುದನ್ನು ನಿಲ್ಲಿಸಲಿಲ್ಲ. ಅವಳು ಆ ಹಾಳೆಗಳನ್ನು ತೆಗೆದುಕೊಂಡಳು. ಓದಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಪೋಷಕರ ದಿನ ಸಭಾಂಗಣ ಕಿಕ್ಕಿರಿದಿತ್ತು. ಮಡಚುವ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಅಪ್ಪ ಬೇಗ ಬಂದು ಎರಡನೇ ಸಾಲಿನ ತುದಿ ಹಿಡಿದ. ಪಕ್ಕದ ಕುರ್ಚಿಯ ಮೇಲೆ ಅಮ್ಮನಿಗಾಗಿ ಕರವಸ್ತ್ರ ಹಾಸಿದ. ಅವಳು ದೂರವಾಣಿಯಲ್ಲಿ ಗ್ರಾಹಕರ ದೂರು ಕೇಳುವ ಕೆಲಸದವಳು. ಪಾಳಿ ಮುಗಿಸಿ ಬರಬೇಕಿತ್ತು.

ಕೊನೆಯ ಸುತ್ತಿಗೆ ಇಬ್ಬರೇ. ಗಿಣಿಯ ಎದುರಾಳಿಗೆ ಶಾಲೆಯಲ್ಲಿ ಮೆಣಸು ಎಂದು ಹೆಸರು. ಕುಳ್ಳಗೆ, ಕಪ್ಪಗೆ, ಬಾಯಿ ಬಿಟ್ಟರೆ ಖಾರ. ಅವಳ ಕಡೆಯಿಂದ ತಾಯಿ ಒಬ್ಬಳೇ ಬಂದಿದ್ದಳು. ಹಿಂದಿನ ಬಾಗಿಲ ಬಳಿ ನಿಂತೇ ಇದ್ದಳು.

ಹೆಡ್‌ಮಿಸ್ ಡಬ್ಬಿಯೊಳಗೆ ಕೈಹಾಕಿ ಚೀಟಿ ಎತ್ತಿ ಓದಿದರು: "ಮಕ್ಕಳ ಓದಿನಲ್ಲಿ ಹೆತ್ತವರು ಕೈಹಾಕಬಾರದು."

ಸಭೆಯಲ್ಲಿ ನಗು ಎದ್ದಿತು. ಕೆಲವರು ಕತ್ತು ತಿರುಗಿಸಿ ಅಪ್ಪನನ್ನು ನೋಡಿದರು. ಪರವೋ ವಿರೋಧವೋ ಎಂಬುದಕ್ಕೂ ಚೀಟಿ. ಗಿಣಿಗೆ ಬಂದದ್ದು ಪರ. ಹೆತ್ತವರು ಕೈಹಾಕಬಾರದು ಎಂದು ಅವಳು ವಾದಿಸಬೇಕು. ಈ ಸಲ ನಗು ಇನ್ನೂ ಜೋರಾಯಿತು. ಗಿಣಿ ಯಾರ ಕಡೆಗೂ ನೋಡದೆ ತನಗೆ ತೋರಿಸಿದ ಕೋಣೆಗೆ ಹೋದಳು. ಮೆಣಸು ಅದರ ಪಕ್ಕದ ಕೋಣೆಗೆ.

ಅಪ್ಪನಿಗೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಅವನು ಬರೆದುಕೊಟ್ಟ ವಿಷಯಗಳಲ್ಲಿ ಇದೊಂದು ಇರಲಿಲ್ಲ. ಇರುವುದಾದರೂ ಹೇಗೆ? ಆದರೆ ವಾದಗಳು ತಲೆಯಲ್ಲಿ ತಾವಾಗಿಯೇ ಸಾಲುಗಟ್ಟತೊಡಗಿದವು. ಆರಂಭಕ್ಕೆ ಒಂದು ಒಳ್ಳೆಯ ಮಾತು, ನಡುವೆ ಒಂದು ದೃಷ್ಟಾಂತ, ಕೊನೆಗೆ ಒಂದು ಪೆಟ್ಟು. ತನ್ನ ವಿರುದ್ಧ ತಾನೇ ವಾದ ಹೆಣೆಯುತ್ತಿದ್ದೇನೆ ಎಂಬುದು ಕೂಡ ಅವನಿಗೆ ಹೊಳೆಯಲಿಲ್ಲ. ಕಾರ್ಯಕ್ರಮದ ಕರಪತ್ರದ ಹಿಂಬದಿಗೆ ಗೀಚಿದ. ಗೀಚಿದ ಮೇಲೆ ಕೂತಿರಲು ಆಗಲಿಲ್ಲ. ಕುಡಿಯುವ ನೀರಿಗೆ ಹೋಗುವವನಂತೆ ಎದ್ದು ಪಕ್ಕದ ಬಾಗಿಲಿನಿಂದ ಹೊರಬಿದ್ದ.

ಕಟ್ಟಡದ ಹಿಂದೆ ಉದ್ದನೆಯ ಜಗಲಿ. ಕೋಣೆಗಳ ಕಿಟಕಿಗಳು ಅತ್ತ ತೆರೆದಿದ್ದವು. ಅಪ್ಪ ಗೋಡೆ ಸವರಿಕೊಂಡು ನಡೆದ. ಕಳ್ಳ ಬೆಕ್ಕಿನ ಹಾಗೆ ಬಗ್ಗಿ ನಡೆಯುತ್ತಿದ್ದ ತನ್ನ ನೆರಳನ್ನು ನೋಡಿ ಒಂದು ಗಳಿಗೆ ನಾಚಿಕೆಯೂ ಆಯಿತು. ಆದರೂ ಕಾಲು ನಿಲ್ಲಲಿಲ್ಲ.

ಗಿಣಿ ಬೆಂಚಿನ ಮೇಲೆ ಖಾಲಿ ಹಾಳೆ ಇಟ್ಟುಕೊಂಡು ಪೆನ್ನಿನ ತುದಿ ಕಚ್ಚುತ್ತಿದ್ದಳು.

"ಗಿಣಿ," ಎಂದು ಅಪ್ಪ ಪಿಸುಗುಟ್ಟಿದ. "ಇಲ್ಲಿ ಬಾ. ಹಿಡ್ಕೋ."

ಅವಳು ತಲೆ ಎತ್ತಿದಳು. ಮುಖದ ಬಣ್ಣವೇ ಹೋಯಿತು. "ಅಪ್ಪಾ, ಹೋಗು."

"ನಾಲ್ಕೇ ಸಾಲು ಮಗಾ. ಮೊದಲನೇದು ನೋಡಿದ್ರೆ ಸಾಕು, ಉಳಿದದ್ದು ತಾನಾಗೇ ಬರುತ್ತೆ."

"ಹೋಗು ಅಂದೆ."

ಅವನು ಸರಳಿನ ನಡುವೆ ಕೈ ತೂರಿಸಿದ. ಗಿಣಿ ಎದ್ದು ಬಂದಳು. ಕರಪತ್ರ ಹಿಡಿದ ಆ ಕೈಯನ್ನು ತನ್ನ ಎರಡೂ ಕೈಗಳಿಂದ ಮೆಲ್ಲಗೆ ಹೊರಕ್ಕೆ ತಳ್ಳಿ, ಕಿಟಕಿಯ ಬಾಗಿಲು ಎಳೆದುಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಅಪ್ಪ ಅಲ್ಲೇ ನಿಂತ. ಮಗಳು ಅವನ ಮಾತಿಗೆ ಎದುರಾಡಿದ್ದುಂಟು, ಮುನಿಸಿಕೊಂಡು ಊಟ ಬಿಟ್ಟದ್ದುಂಟು. ಮುಖದೆದುರು ಬಾಗಿಲು ಹಾಕಿದ್ದು ಇದೇ ಮೊದಲು. ಕರಪತ್ರವನ್ನು ಮಡಚಿ ಜೇಬಿಗೆ ತುರುಕಿ, ಸೋತ ಕಾಲೆಳೆಯುತ್ತ ಸಭಾಂಗಣಕ್ಕೆ ಮರಳಿದ. ಅಷ್ಟರಲ್ಲಿ ಅಮ್ಮ ಬಂದು ಕೂತಿದ್ದಳು.

"ಎಲ್ಲಿ ಹೋಗಿದ್ರಿ?"

"ನೀರು ಕುಡಿಯೋಕೆ."

ಗಂಟೆ ಹೊಡೆಯಿತು. ಗಿಣಿ ಮೊದಲು ಬಂದಳು. ಮೈಕಿನ ಕಂಬ ಅವಳಿಗಿಂತ ಎತ್ತರಕ್ಕಿತ್ತು. ಇಳಿಸಲು ಹೋದಾಗ ಕಿರ್ರೆಂದಿತು. ಅವಳು ಎರಡನೇ ಸಾಲಿನ ಕಡೆ ನೋಡಲೇ ಇಲ್ಲ. "ಹೆತ್ತವರು, ಅಂದ್ರೆ, ಮಕ್ಕಳ ಓದು ಮಕ್ಕಳದು," ಎಂದು ಶುರುಮಾಡಿ ತಡವರಿಸಿದಳು. ಹೇಳಿದ್ದನ್ನೇ ಮತ್ತೆ ಹೇಳಿದಳು. ಅಪ್ಪನ ತುಟಿ ಅಭ್ಯಾಸಬಲದಿಂದ ಅಲುಗಿತು, ಆದರೆ ಮುಂದಿನ ಮಾತು ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ನಡುವೆ ಅವಳು ಒಂದೆರಡು ಒಳ್ಳೆಯ ಮಾತು ಆಡಿದಳು. ಮುಗಿಸುವಾಗ ಬೆವರಿದ್ದಳು.

ಮೆಣಸು ಪಟಪಟನೆ ಮಾತಾಡಿದಳು, ಜನರನ್ನು ನಗಿಸಿದಳು. ಆದರೆ ಆತುರಕ್ಕೆ ಬಿದ್ದು ತನ್ನ ವಾದವನ್ನೇ ಒಂದು ಕಡೆ ತಾನೇ ಮುರಿದುಕೊಂಡಳು. ಗಿಣಿ ಅದನ್ನು ಹಿಡಿದು ತಡವರಿಸುತ್ತಲೇ ಪ್ರಶ್ನೆ ಕೇಳಿದಾಗ ಸಭೆ ಮೊದಲ ಸಲ ಅವಳ ಕಡೆ ವಾಲಿತು. ಮುಖ್ಯ ತೀರ್ಪುಗಾರರು ವಕೀಲರು, ಅವರೂ ತಲೆದೂಗಿ ಏನೋ ಬರೆದುಕೊಂಡರು. ಅಪ್ಪನಿಗೆ ಜೀವ ಬಂದಂತಾಯಿತು.

ಈಗ ಪ್ರಶ್ನೆ ಕೇಳುವ ಸರದಿ ಮೆಣಸಿನದು. ಅವಳು ಗಿಣಿಯನ್ನೇ ದಿಟ್ಟಿಸಿ ಹೇಳಿದಳು: "ನನ್ನದು ಒಂದೇ ಪ್ರಶ್ನೆ. ಹೆತ್ತವರು ಕೈಹಾಕಬಾರದು ಅಂತ ಹೇಳ್ತಿದ್ದೀಯ. ಸ್ವಲ್ಪ ಹೊತ್ತಿನ ಮುಂಚೆ ನಿಮ್ಮಪ್ಪ ಕಾಗದ ಹಿಡ್ಕೊಂಡು ನನ್ನ ಕಿಟಕಿ ಮುಂದೆ ಹೋದ್ರು. ನಿನ್ನ ಹೆಸರು ಕರೆದದ್ದೂ ಕೇಳಿಸ್ತು. ಅವರು ನಿನಗೆ ಏನು ಕೊಟ್ರು?"

ಪಕ್ಕದಲ್ಲಿ ಅಮ್ಮ ತನ್ನತ್ತ ತಿರುಗಿದ್ದು ಅಪ್ಪನಿಗೆ ನೋಡದೆಯೇ ಗೊತ್ತಾಯಿತು.

ಗಿಣಿ ಈಗ ಎರಡನೇ ಸಾಲಿನತ್ತ ನೋಡಿದಳು. ಒಂದೇ ಕ್ಷಣ.

"ಯಾರೂ ಬಂದಿಲ್ಲ," ಎಂದಳು.

"ಸುಳ್ಳು. ನಾನು ಕಣ್ಣಾರೆ ನೋಡಿದೀನಿ."

"ಯಾರೂ ಬಂದಿಲ್ಲ ಅಂದೆನಲ್ಲ. ಸೋಲ್ತೀನಿ ಅಂತ ಹೀಗೆಲ್ಲ ಹೇಳಬಾರದು."

ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದು ಅದು ಮೆಣಸಿನ ಮೇಲೆ ತಿರುಗಿತು. ಯಾರೋ "ಥೂ, ಎಂಥ ಬುದ್ಧಿ" ಎಂದರು. ತೀರ್ಪುಗಾರರು ಮೇಜು ತಟ್ಟಿದರು. "ನೋಡಮ್ಮ, ಸಾಕ್ಷಿ ಇಲ್ಲದೆ ಆರೋಪ ಮಾಡೋದು ವಾದ ಆಗಲ್ಲ. ಇದಕ್ಕೆ ನಿನ್ನ ಅಂಕ ಕಡಿತ ಆಗುತ್ತೆ. ಮುಂದುವರಿಸು."

ಮೆಣಸು ಮುಂದುವರಿಸಲಿಲ್ಲ. ತುಟಿ ಕಚ್ಚಿಕೊಂಡು ನಿಂತಳು. ಕಣ್ಣು ತುಂಬಿತ್ತು, ಹಟಕ್ಕೆ ಒರೆಸಿಕೊಳ್ಳಲಿಲ್ಲ. ಬಾಗಿಲ ಬಳಿ ಅವಳ ತಾಯಿ, ಮಗಳ ಹತ್ತಿರ ಹೋಗಲೋ ಬೇಡವೋ ಎಂದು ತಿಳಿಯದೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟಳು.

ಸುಮ್ಮನೆ ಕೂತಿದ್ದರೆ ಆಯಿತು, ಗಿಣಿ ಗೆಲ್ಲುತ್ತಿದ್ದಳು. ಅಪ್ಪನಿಗೆ ಅದು ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು. ಆದರೆ ಅವನ ಕಣ್ಣು ಮಗಳ ಮೇಲಿತ್ತು. ಇಷ್ಟು ವರ್ಷದಲ್ಲಿ ಯಾರೂ ಬರೆದುಕೊಡದೆ, ಒಂದಿಷ್ಟೂ ತೊದಲದೆ ಅವಳು ಆಡಿದ್ದು ಇದೊಂದೇ ಮಾತು. ಅದೂ ಸುಳ್ಳು, ಅದೂ ಅವನ ಮಾನ ಉಳಿಸಲು. ಅವಳ ಕೈ ಮೈಕಿನ ಕಂಬವನ್ನು ಹಿಡಿದ ರೀತಿ ನೋಡಿದರೆ, ಬಿಟ್ಟರೆ ಬಿದ್ದುಬಿಡುತ್ತಾಳೆ ಎನಿಸುತ್ತಿತ್ತು.

"ರೀ," ಎಂದಳು ಅಮ್ಮ, ಅಷ್ಟೇ.

ಅಪ್ಪ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಜರುಗಿ ಯಾರದೋ ಮೊಣಕಾಲಿಗೆ ತಾಗಿತು. "ಆ ಹುಡುಗಿ ಹೇಳಿದ್ದು ನಿಜ," ಎಂದ. ಸ್ವರ ಹೊರಡಲಿಲ್ಲವೆನಿಸಿ ಮತ್ತೆ ಹೇಳಿದ. "ನಾನು ಹೋಗಿದ್ದೆ. ಕಾಗದ ಕೊಡೋಕೆ ಹೋಗಿದ್ದೆ. ನನ್ನ ಮಗಳು ಮುಟ್ಟಲಿಲ್ಲ, ಕಿಟಕಿ ಹಾಕ್ಕೊಂಡಳು. ತಪ್ಪು ನನ್ನದು. ಅವಳ ಮೇಲೆ ಸಿಟ್ಟಾಗಬೇಡಿ." ಜೇಬಿನಿಂದ ಕರಪತ್ರ ತೆಗೆದು, ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ತೀರ್ಪುಗಾರರೂ ಹೆಡ್‌ಮಿಸ್ಸೂ ತಲೆಗೆ ತಲೆ ಕೊಟ್ಟು ಮಾತಾಡಿದರು. ಜನ ಕತ್ತು ಉದ್ದ ಮಾಡಿ ಕಾದರು. ಕೊನೆಗೆ ಹೆಡ್‌ಮಿಸ್ ಮೈಕಿನ ಹತ್ತಿರ ಬಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಆಯಾಸವಿತ್ತು. "ಹೊರಗಿನವರು ಬಂದಿದ್ದು ನಿಯಮಭಂಗ. ಅದನ್ನ ಮುಚ್ಚಿಟ್ಟಿದ್ದು ಇನ್ನೂ ದೊಡ್ಡ ತಪ್ಪು. ಈ ಹುಡುಗಿ ಸ್ಪರ್ಧೆಯಿಂದ ಹೊರಗೆ. ಈ ವರ್ಷ ಪೂರ್ತಿ ವೇದಿಕೆ ಹತ್ತೋ ಹಾಗಿಲ್ಲ."

ಗಿಣಿ ಇಳಿಯಲಿಲ್ಲ. "ಮಿಸ್, ಎರಡು ಮಾತು," ಎಂದಳು. ಬೇಡ ಎನ್ನುವ ಮೊದಲೇ ಮೆಣಸಿನತ್ತ ತಿರುಗಿದಳು. "ನೀನು ಹೇಳಿದ್ದೇ ಸರಿ. ನಾನು ಸುಳ್ಳು ಹೇಳಿದೆ, ನಿನ್ನನ್ನ ಸುಳ್ಳಿ ಮಾಡಿದೆ. ಕ್ಷಮಿಸು." ಆಮೇಲೆ ಸಭೆಯ ಕಡೆ ನೋಡಿದಳು. "ನಾನೀಗ ಸ್ಪರ್ಧೆಯಲ್ಲಿ ಇಲ್ಲ. ಪರವೂ ಇಲ್ಲ, ವಿರೋಧವೂ ಇಲ್ಲ. ಹೋದ ತಿಂಗಳು ಕ್ಲಾಸಲ್ಲಿ ಟೀಚರ್, ಸಮವಸ್ತ್ರ ಬೇಕಾ ಬೇಡ್ವಾ, ನಿನಗೆ ಏನನ್ಸುತ್ತೆ ಅಂತ ಕೇಳಿದ್ರು. ನಾಳೆ ಹೇಳ್ತೀನಿ ಅಂದೆ. ಎಲ್ಲರೂ ನಕ್ರು. ನಾನೂ ನಕ್ಕೆ. ಮನೆಗೆ ಹೋಗಿ ಯೋಚಿಸಿದ್ರೆ ನನಗೆ ಏನೂ ಅನ್ಸಿರಲೇ ಇಲ್ಲ. ಅಪ್ಪನ್ನ ಕೇಳಬೇಕು ಅಂತಷ್ಟೇ ಅನ್ಸಿತ್ತು. ಅಪ್ಪ ಕೆಟ್ಟವರಲ್ಲ. ಆದ್ರೆ ನನಗೆ ಭಯ ಆಯ್ತು."

ಅಷ್ಟು ಹೇಳಿ ಇಳಿದುಬಿಟ್ಟಳು. ಅಲ್ಲೊಂದು ಇಲ್ಲೊಂದು ಚಪ್ಪಾಳೆ ಕೇಳಿತು, ಜೊತೆ ಸಿಗದೆ ನಿಂತಿತು.

ಮೂವರೂ ಮನೆಯ ದಾರಿ ಹಿಡಿದರು. ಅಮ್ಮ ನಡುವೆ, ಇವರಿಬ್ಬರು ಅಕ್ಕಪಕ್ಕ. ತಿರುವು ಬಂದಾಗ ಗಿಣಿ ಥಟ್ಟನೆ ನಿಂತಳು.

"ಯಾಕೆ ಎದ್ದೆ? ನಿನಗೋಸ್ಕರ ತಾನೇ ನಾನು ಸುಳ್ಳು ಹೇಳಿದ್ದು? ಎಲ್ಲರ ಮುಂದೆ ನಿನ್ನ ಮರ್ಯಾದೆ ಹೋಗಬಾರದು ಅಂತ."

"ಅದಕ್ಕೇ ಎದ್ದೆ," ಎಂದ ಅಪ್ಪ.

"ಹೋಗಲಿ, ಕಿಟಕಿ ಹತ್ರ ಬರೋ ಮುಂಚೆ ಯೋಚಿಸಬಾರದಿತ್ತಾ?"

ಅಮ್ಮ ನಡುವೆ ಬಾಯಿ ಹಾಕಿದಳು. "ಬೆಳಗ್ಗೆಯಿಂದ ಊರವರ ದೂರು ಕೇಳಿ ಕಿವಿ ತೂತಾಗಿದೆ. ನಿಮ್ಮಿಬ್ಬರದನ್ನ ಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ದಾಖಲಿಸಿ. ನಡೀರಿ."

ಆ ವಾರ ಗಿಣಿ ಅಪ್ಪನೊಡನೆ ಅಳೆದು ತೂಗಿ ಮಾತಾಡಿದಳು. ಅಪ್ಪ ಅಚ್ಚುಕೂಟದಿಂದ ತಡಮಾಡಿ ಬರತೊಡಗಿದ. ಶಾಲೆಯ ಗೇಟಿನ ಬಳಿ ಹಾಯುವಾಗ ತಲೆ ಎತ್ತುತ್ತಿರಲಿಲ್ಲ.

ಒಂದು ಸಂಜೆ ಮನೆಗೆ ಬಂದರೆ ಹೊರಗೆ ಎರಡು ಜೊತೆ ಶಾಲೆಯ ಬೂಟುಗಳಿದ್ದವು. ಒಳಗೆ ಜಗಳದ ಸದ್ದು. ಗಾಬರಿಯಿಂದ ಬಾಗಿಲು ತಳ್ಳಿದ. ಮುಂದಿನ ಕೋಣೆಯಲ್ಲಿ ಗಿಣಿಯೂ ಮೆಣಸೂ ಎದುರುಬದುರು ನಿಂತು ಕೈ ಆಡಿಸುತ್ತಿದ್ದರು.

"ನಮಸ್ಕಾರ ಅಂಕಲ್," ಎಂದಳು ಮೆಣಸು, ಸ್ವಲ್ಪ ಸಂಕೋಚದಿಂದ. "ಅಂತರಶಾಲಾ ಸ್ಪರ್ಧೆಗೆ ತಯಾರಿ. ನನ್ನ ಎದುರು ನಿಂತು ವಾದ ಮಾಡೋರು ಯಾರೂ ಸಿಗ್ತಿಲ್ಲ. ಎಲ್ಲರೂ ಬೇಗ ಸೋತು ಅಳ್ತಾರೆ. ಹಾಗೆ ಗೆದ್ದು ಹೋದ್ರೆ ಅಲ್ಲಿ ಮರ್ಯಾದೆ ಹೋಗುತ್ತೆ."

"ಒಳ್ಳೇದು," ಎಂದ ಅಪ್ಪ. ಒಂದು ಗಳಿಗೆ ನಿಂತ. ಮೇಜಿನ ಮೇಲೆ ಅವರು ಬರೆದಿಟ್ಟ ಹಾಳೆಗಳು ಹರಡಿದ್ದವು. ಅವನು ಅವುಗಳ ಕಡೆ ನೋಡಿದ್ದನ್ನು ಗಿಣಿ ನೋಡಿದಳು. ಅಪ್ಪ ಚೀಲ ಕೆಳಗಿಟ್ಟು ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟ.

ಮೆಣಸು ಸ್ಪರ್ಧೆಗೆ ಹೋದಳು. ಗಿಣಿಯೂ ಪ್ರೇಕ್ಷಕಳಾಗಿ ಜೊತೆಗೆ ಹೋದಳು. ಅಪ್ಪ ಅಂದು ರಜೆ ಕೇಳಲಿಲ್ಲ. ಮೆಣಸಿಗೆ ಎರಡನೇ ಬಹುಮಾನ ಬಂತು. ಸಂಜೆ ಗಿಣಿ ಚಪ್ಪಲಿ ಬಿಡುತ್ತಲೇ ಶುರುಮಾಡಿದಳು. ಮೊದಲ ಬಹುಮಾನ ಪಡೆದವನ ವಾದ ಹೇಗೆ ಪೊಳ್ಳು, ತೀರ್ಪುಗಾರರು ಎಲ್ಲಿ ಮೋಸಹೋದರು, ಮೆಣಸು ಯಾವ ಜಾಗದಲ್ಲಿ ತಪ್ಪು ಮಾಡಿದಳು, ತಾನಾಗಿದ್ದರೆ ಅಲ್ಲಿ ಏನು ಹೇಳುತ್ತಿದ್ದಳು ಎಂದೆಲ್ಲ ಒಂದರ ಮೇಲೊಂದು ಹೇರಿದಳು. ಅರ್ಧ ವಾಕ್ಯ ಬಿಟ್ಟು ಇನ್ನೊಂದಕ್ಕೆ ಹಾರುತ್ತಿದ್ದಳು.

"ಉಸಿರಾದ್ರೂ ತಗೋ ಮಾರಾಯ್ತಿ," ಎಂದಳು ಅಮ್ಮ.

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅವಳ ಕಡೆಗೆ ತಿರುಗಿ ಕೂತ. ಅವಳು ಹೇಳುತ್ತಿದ್ದುದರಲ್ಲಿ ಒಂದೆರಡಕ್ಕೆ ಅವನ ಒಪ್ಪಿಗೆ ಇರಲಿಲ್ಲ. ಅದನ್ನು ಹೇಳಬೇಕೆನಿಸಿತು.

"ಆಮೇಲೆ?" ಎಂದ.